ನಿಂತಲ್ಲೇ ತುಳಿಯುವ ಚಳಿಗಾಲ

ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಬೆಳಗುಗಳು ಯಾರಿಗೂ ಹೊಸದಲ್ಲ. ಹಾಗೆಂದು ಈ ಊರಿನವರು ಸೈಕಲ್ ಮೂಲೆಗಿಡುವವರೂ ಅಲ್ಲ. ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಮಿಡ್‌ಟೌನ್ ಗ್ರೀನ್‌ವೇ ದಾರಿಯಲ್ಲಿ ಹಿಮ ಗೋರಿ ಮುಗಿಯುವುದೇ ತಡ, ಮೊಳೆ ಟೈರಿನ ಸೈಕಲ್‌ಗಳು ಓಡಾಡಲು ಶುರು. ಹಿಮದಲ್ಲಿ ಓಡುವ ದಪ್ಪ ಟೈರಿನ ಪಗ್ಸ್ಲಿ ಸೈಕಲ್ಲನ್ನು 2005ರಲ್ಲಿ ಅಂಗಡಿಗೆ ತಂದ ಸರ್ಲಿ ಕಂಪನಿ ಪಕ್ಕದ ಬ್ಲೂಮಿಂಗ್‌ಟನ್‌ನದೇ. ಆದರೆ ಕೆಲಸ ಮುಗಿಸಿ ಬಂದು, ಮಕ್ಕಳ ಹೋಂವರ್ಕ್ ನೋಡಿ, ಆಮೇಲೆ ಒಂದು ಗಂಟೆ ಮೈಬಗ್ಗಿಸಿ ತುಳಿಯಬೇಕು ಎನ್ನುವವರಿಗೆ ಆ ಕತ್ತಲಲ್ಲಿ, ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ನೆರವಾಗುವ ಟ್ರೈನರ್ ಯಂತ್ರ ಬಿಟ್ಟರೆ ಗತಿಯಿಲ್ಲ.

ಇಲ್ಲಿನ ಕನ್ನಡದ ಗೆಳೆಯರು ಅಕ್ಟೋಬರ್ ಬಂದಾಗಲೆಲ್ಲ ಕೇಳುವುದು ಒಂದೇ: "ಯಾವ ಟ್ರೈನರ್ ತಗೊಳ್ಳಲಿ?" ಹಲವು ಚಳಿಗಾಲ ಮನೆಯೊಳಗೇ ತುಳಿದು, ಹಲವರ ಮನೆಯಲ್ಲಿ ಟ್ರೈನರ್ ಜೋಡಿಸಿಕೊಟ್ಟ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಯಂತ್ರದ ಆಯ್ಕೆ ಕೊನೆಗೆ ಬರುವ ಮಾತು. ಸೈಕಲ್ ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಹತ್ತಿ ಕೂರಲು ಎಷ್ಟು ಹೊತ್ತು ಬೇಕು ಎಂಬ ಮೂರು ಪ್ರಶ್ನೆ ಬಗೆಹರಿದವರು ಮಾರ್ಚ್ ತನಕ ತುಳಿಯುತ್ತಾರೆ. ಬಗೆಹರಿಯದವರು ಎಷ್ಟೇ ದುಬಾರಿ ಯಂತ್ರ ತಂದರೂ ಸಂಕ್ರಾಂತಿಗೆ ಮೊದಲೇ ಕೈಬಿಡುತ್ತಾರೆ.

1. ಮೊದಲು ಜಾಗ, ಆಮೇಲೆ ಯಂತ್ರ

ಸೈಕಲ್ ಟ್ರೈನರ್ ಮೇಲೆಯೇ ಇರಬೇಕು, ಚಳಿಗಾಲ ಮುಗಿಯುವ ತನಕ ಇಳಿಯಬಾರದು. ಪ್ರತಿ ಸಂಜೆ ಸೋಫಾ ಸರಿಸಿ, ಚಾಪೆ ಹಾಸಿ, ಚಕ್ರ ಬಿಚ್ಚಿ, ವೈರು ಎಳೆದು ಕೂರಬೇಕಾದರೆ ಆ ಹದಿನೈದು ನಿಮಿಷವೇ ಮನಸ್ಸನ್ನು ಕೊಲ್ಲುತ್ತದೆ. ಬಟ್ಟೆ ಬದಲಿಸಿ ಬಂದವರು ಎರಡು ನಿಮಿಷದಲ್ಲಿ ಪೆಡಲ್ ತುಳಿಯುತ್ತಿರಬೇಕು.

ಇಲ್ಲಿನ ಮನೆಗಳಲ್ಲಿ ಬೇಸ್‌ಮೆಂಟ್ ಒಳ್ಳೆಯ ಜಾಗ. ಕಾಂಕ್ರೀಟ್ ನೆಲ, ತಣ್ಣನೆಯ ಗಾಳಿ, ಸದ್ದು ಮೇಲಕ್ಕೆ ಹೋಗುವುದು ಕಡಿಮೆ. ಆದರೆ ಚಾವಣಿಯ ಎತ್ತರ ನೋಡಿ. ಪೆಡಲ್ ಮೇಲೆ ಎದ್ದು ನಿಂತಾಗ ತಲೆ ಹೀಟರಿನ ಕೊಳವೆಗೆ ತಾಗುವ ಬೇಸ್‌ಮೆಂಟ್‌ಗಳು ಬೇಕಾದಷ್ಟಿವೆ. ಬಿಸಿಯಿಲ್ಲದ ಗರಾಜು ತಂಪಾಗಿರುತ್ತದೆಂದು ಆಸೆ ಹುಟ್ಟುತ್ತದೆ. ಆದರೆ ದ್ರವ ತುಂಬಿದ ಟ್ರೈನರ್ ಆ ಚಳಿಗೆ ಗಟ್ಟಿಯಾಗಿ, ಬಿಸಿಯಾಗುವ ತನಕ ಒಂದೊಂದು ನಿಮಿಷ ಒಂದೊಂದು ಭಾರ ಕೊಡುತ್ತದೆ.

ಅಪಾರ್ಟ್‌ಮೆಂಟಿನವರಿಗೆ ಬೇರೆಯೇ ಚಿಂತೆ. ಅಮೆರಿಕದ ಬಹುಪಾಲು ಅಪಾರ್ಟ್‌ಮೆಂಟುಗಳ ನೆಲ ಮರದ ಚೌಕಟ್ಟಿನದು. ನಿಮ್ಮ ಕಿವಿಗೆ ಬೀಳುವ ಚೈನಿನ ಸದ್ದು ಕೆಳಮನೆಯವರಿಗೆ ಕೇಳುವುದಿಲ್ಲ. ನಿಮಗೆ ಕೇಳದ, ನೆಲದಲ್ಲಿ ಇಳಿದುಹೋಗುವ ಗುಂಯ್‌ಗುಟ್ಟುವ ಅದುರು ಅವರಿಗೆ ಕೇಳುತ್ತದೆ. ಮನೆಯವರನ್ನು ತುಳಿಯಲು ಕೂರಿಸಿ, ಕೆಳಮನೆಯವರ ಬಾಗಿಲು ತಟ್ಟಿ ಒಳಗೆ ಹೋಗಿ ಕೇಳಿಸಿಕೊಳ್ಳಿ. ಇದರಷ್ಟು ಪ್ರಾಮಾಣಿಕ ಪರೀಕ್ಷೆ ಇನ್ನೊಂದಿಲ್ಲ. ದಪ್ಪ ರಬ್ಬರ್ ಚಾಪೆ ಎರಡು ಪದರ ಹಾಕಿದರೆ ಅದುರು ಬಹಳಷ್ಟು ತಗ್ಗುತ್ತದೆ.

2. ಫ್ಯಾನಿಗೆ ಜಿಪುಣತನ ಬೇಡ

ಹೊರಗೆ ಮೈನಸ್ ಹತ್ತು ಇರುವಾಗ ಮನೆಯೊಳಗೆ ಫ್ಯಾನು ಏಕೆ ಎಂದು ಹೊಸಬರು ಕೇಳುತ್ತಾರೆ. ಲೆಕ್ಕ ನೋಡಿ. ತುಳಿಯುವಾಗ ಮೈ ಖರ್ಚುಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನೂರಕ್ಕೆ 20ರಿಂದ 25 ಪಾಲು. ಮಿಕ್ಕಿದ್ದೆಲ್ಲ ಶಾಖ. ಪೆಡಲಿನಲ್ಲಿ 150 ವ್ಯಾಟ್ ಬರುತ್ತಿದ್ದರೆ ಮೈಯಿಂದ 450ರಿಂದ 600 ವ್ಯಾಟ್ ಶಾಖ ಹೊರಬೀಳುತ್ತಿರುತ್ತದೆ. ಕೋಣೆಯಲ್ಲಿ ಒಂದು ಸಣ್ಣ ರೂಮ್ ಹೀಟರ್ ಉರಿಸಿಟ್ಟ ಹಾಗೆ. ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ವೇಗದ ಗಾಳಿ ಎದೆಗೆ ಬಡಿದು ಈ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಮನೆಯಲ್ಲಿ ಆ ಗಾಳಿ ಇಲ್ಲ.

ಬೆವರು ತಾನೇ ತಂಪು ಮಾಡುತ್ತದಲ್ಲ ಎಂದರೆ, ಬೆವರು ತಂಪು ಮಾಡುವುದು ಆವಿಯಾದಾಗ ಮಾತ್ರ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಯಾವ ಉಪಕಾರವೂ ಆಗುವುದಿಲ್ಲ, ನೀರು ಕಳೆದುಕೊಂಡದ್ದಷ್ಟೇ. ಟ್ರೈನರಿನ ಕೆಳಗೆ ನೀರು ನಿಂತಿದ್ದನ್ನು ಕೆಲವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಗಾಳಿ ಸಾಲದೆಂಬುದರ ಗುರುತು. ಗಾಳಿ ಸಾಲದಿದ್ದಾಗ ಅದೇ ವ್ಯಾಟಿಗೆ ನಾಡಿಬಡಿತ ಏರುತ್ತಾ ಹೋಗುತ್ತದೆ. ನಲವತ್ತನೇ ನಿಮಿಷಕ್ಕೆ ದಮ್ಮು ಕಟ್ಟುತ್ತದೆ, "ನನ್ನ ಕಾಲಲ್ಲಿ ಬಲವಿಲ್ಲ" ಎಂದು ಬೇಸರವಾಗುತ್ತದೆ. ಕಾಲಿನಲ್ಲಿ ಬಲ ಇರುತ್ತದೆ, ಮೈ ಕಾದಿರುತ್ತದೆ.

ಬಾಕ್ಸ್ ಫ್ಯಾನಿಗಿಂತ, ಒದ್ದೆ ಕಾರ್ಪೆಟ್ ಒಣಗಿಸಲು ಬಳಸುವ ಬ್ಲೋವರ್ ಮಾದರಿಯದು ಮೇಲು. ಗಾಳಿ ಚದರದೆ ಎದೆಗೇ ಬಡಿಯುತ್ತದೆ. ಎದುರಿಗೆ ಒಂದು, ಸಾಧ್ಯವಾದರೆ ಬೆನ್ನ ಹಿಂದೆ ಇನ್ನೊಂದು. ಮೊದಲ ಐದು ನಿಮಿಷ ಚಳಿ ಎನಿಸಿ ಆಫ್ ಮಾಡಬೇಕಾಗುತ್ತದೆ, ಆದ್ದರಿಂದ ಸ್ವಿಚ್ ಕೈಗೆಟಕುವಂತಿರಲಿ. ಇನ್ನೂರು ಡಾಲರ್ ಟ್ರೈನರಿಗೆ ನೂರು ಡಾಲರ್ ಫ್ಯಾನ್ ಹಾಕಿದವರನ್ನು ಕಂಡರೆ ನನಗೆ ಭರವಸೆ ಹುಟ್ಟುತ್ತದೆ.

3. ಯಂತ್ರ ಮೂರು ಬಗೆ

ರೋಲರ್: ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಯಾವುದಕ್ಕೂ ಬಿಗಿಯದೆ ಓಡಿಸುವುದು. ಸಮತೋಲನ ಕಲಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಮೊದಲ ಟ್ರೈನರ್ ಆಗಿ ಬೇಡ.

ಹಿಂದಿನ ಚಕ್ರವನ್ನು ಒಂದು ಸಿಲಿಂಡರಿಗೆ ಒತ್ತಿ ನಿಲ್ಲಿಸುವುದು ಎರಡನೆಯ ಬಗೆ. ಇದರಲ್ಲಿ ಆಯಸ್ಕಾಂತದ್ದು ಅಗ್ಗ; ದ್ರವದ್ದು ಮೇಲು, ಏಕೆಂದರೆ ವೇಗ ಹೆಚ್ಚಿದಂತೆ ಭಾರ ರಸ್ತೆಯ ಗಾಳಿಯ ಹಾಗೆಯೇ ಏರುತ್ತದೆ. ಇಂಥ ಒಳ್ಳೆಯ ಯಂತ್ರಗಳನ್ನು ಇದೇ ಮಿನೆಸೋಟಾದ ಕರ್ಟ್ ಕಂಪನಿ ಬಹಳ ವರ್ಷ ಮಾಡಿತು. ಹಳೆಯ ಕರ್ಟ್ ಕೈನೆಟಿಕ್ ಎಲ್ಲಾದರೂ ಸಿಕ್ಕಿದರೆ, ದ್ರವ ಸೋರಿದ ಗುರುತು ಇಲ್ಲದಿದ್ದರೆ, ಕಣ್ಣುಮುಚ್ಚಿ ತೆಗೆದುಕೊಳ್ಳಿ. ಈ ಬಗೆಯಲ್ಲಿ ಟೈರ್ ಸವೆಯುತ್ತದೆ. ಗಟ್ಟಿ ರಬ್ಬರಿನ ಟ್ರೈನರ್ ಟೈರ್ ಹಾಕಿ, ಪ್ರತಿಸಲ ಒಂದೇ ಒತ್ತಡಕ್ಕೆ ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಇಂದಿನ ಭಾರಕ್ಕೂ ನಾಳಿನ ಭಾರಕ್ಕೂ ತಾಳೆಯಾಗುವುದಿಲ್ಲ.

ಹಿಂದಿನ ಚಕ್ರವನ್ನೇ ಬಿಚ್ಚಿ, ಚೈನನ್ನು ನೇರ ಯಂತ್ರದ ಹಲ್ಲಿಗೆ ತೊಡಿಸುವ ಡೈರೆಕ್ಟ್ ಡ್ರೈವ್ ಮೂರನೆಯದು. ಅಮೆರಿಕದ ವಾಹೂ, ನೆದರ್ಲೆಂಡ್ಸ್‌ನ ಟ್ಯಾಕ್ಸ್, ಇಟಲಿಯ ಎಲೀಟ್ ಇದರಲ್ಲಿ ಹೆಸರುವಾಸಿ. ಟೈರ್ ಜಾರುವುದಿಲ್ಲ, ಸದ್ದು ಕಡಿಮೆ, ವ್ಯಾಟ್ ಲೆಕ್ಕ ಹೆಚ್ಚು ನಂಬಿಕಸ್ಥ. ವಾರಕ್ಕೆ ಮೂರು ನಾಲ್ಕು ದಿನ ತುಳಿಯುವುದು ಖಚಿತವಿದ್ದರೆ ಇದೇ ಸರಿ. ಖಚಿತವಿಲ್ಲದಿದ್ದರೆ ಒಂದು ಚಳಿಗಾಲ ಹಳೆಯ ದ್ರವದ ಯಂತ್ರದಲ್ಲಿ ಕಳೆಯಿರಿ, ಏನೂ ನಷ್ಟವಿಲ್ಲ.

4. ನಿಮ್ಮ ಸೈಕಲ್ಲಿನ ಹಿಂಭಾಗ ನೋಡಿಕೊಂಡು ಅಂಗಡಿಗೆ ಹೋಗಿ

ಹಿಂದಿನ ಆಕ್ಸಲ್ ಸನ್ನೆ ಎಳೆದು ಬಿಚ್ಚುವಂಥದ್ದೋ, ತಿರುಗಿಸಿ ಹೊರಗೆಳೆಯುವ 12 ಮಿಲಿಮೀಟರ್ ದಪ್ಪದ್ದೋ? ಹಲ್ಲುಚಕ್ರ ಎಷ್ಟು, 10, 11, 12? ಡೈರೆಕ್ಟ್ ಡ್ರೈವ್‌ನ ಹಲವು ಮಾದರಿಗಳಲ್ಲಿ ಈ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, ಬರುವುದಿಲ್ಲ. ಅದಕ್ಕೆ ಬೇರೆ ದುಡ್ಡು, ಬಿಗಿಯಲು ಬೇರೆ ಟೂಲು. ಬೇಕಾದ ಅಡಾಪ್ಟರ್ ಪೆಟ್ಟಿಗೆಯಲ್ಲಿದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ.

ಡಿಸ್ಕ್ ಬ್ರೇಕಿನವರು ಇದನ್ನು ಮರೆಯಬೇಡಿ: ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಹಿಡಿ ಅಮುಕಬಾರದು. ನಡುವೆ ಡಿಸ್ಕ್ ಇಲ್ಲದ್ದರಿಂದ ಎರಡು ಪ್ಯಾಡುಗಳೂ ಹತ್ತಿರ ಬಂದು ಕಚ್ಚಿಕೊಳ್ಳುತ್ತವೆ, ಏಪ್ರಿಲ್‌ನಲ್ಲಿ ಚಕ್ರ ಒಳಗೆ ಹೋಗುವುದಿಲ್ಲ. ಪ್ಯಾಡುಗಳ ನಡುವೆ ತೂರಿಸುವ ಪ್ಲಾಸ್ಟಿಕ್ ತುಂಡು ಅಂಗಡಿಯಲ್ಲಿ ಸಿಗುತ್ತದೆ. ಟ್ರೈನರ್ ಮೇಲೆ ಕೂತಾಗ ಬೆರಳು ಅಭ್ಯಾಸಬಲದಿಂದ ಹಿಡಿಯ ಮೇಲೆ ಹೋಗಿಯೇ ಹೋಗುತ್ತದೆ, ಮಕ್ಕಳಂತೂ ಅಮುಕದೆ ಬಿಡುವುದಿಲ್ಲ.

5. ಮಕ್ಕಳಿರುವ ಮನೆ

ತುಳಿಯುವುದು ನಿಲ್ಲಿಸಿದ ಮೇಲೂ ಫ್ಲೈವೀಲ್ ತಿರುಗುತ್ತಿರುತ್ತದೆ. ಡೈರೆಕ್ಟ್ ಡ್ರೈವ್‌ನಲ್ಲಿ ಹಲವು ಕಿಲೋ ತೂಕದ ಲೋಹ ಅದು. ಹಲ್ಲುಚಕ್ರ, ಚೈನು ಎಲ್ಲ ಮಗುವಿನ ಬೆರಳಿನ ಎತ್ತರದಲ್ಲೇ ಇರುತ್ತವೆ. ಅಂಬೆಗಾಲಿಡುವ, ಓಡಾಡುವ ಮಕ್ಕಳಿದ್ದರೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕೇ ಬೇಕು. ಕಿವಿಗೆ ಇಯರ್‌ಫೋನ್, ಎದುರಿಗೆ ಜೋರು ಫ್ಯಾನು ಇರುವಾಗ ಮಗು ಹಿಂದಿನಿಂದ ಬಂದದ್ದು ತಿಳಿಯುವುದಿಲ್ಲ. ಇದರಲ್ಲಿ ರಾಜಿ ಬೇಡ.

6. ಕೊಳ್ಳುವ ಕಾಲ

ನವೆಂಬರ್‌ನಲ್ಲಿ ಎಲ್ಲರಿಗೂ ಬೇಕು, ಏಪ್ರಿಲ್‌ನಲ್ಲಿ ಯಾರಿಗೂ ಬೇಡ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹಿಮ ಕರಗುವಾಗ ಹುಡುಕಿ. ನಿಮ್ಮದೇ ಸೈಕಲ್ ಒಯ್ದು, ಹತ್ತು ನಿಮಿಷವಾದರೂ ತುಳಿದು ನೋಡಿ. ಕಡೆಗೊಂದು ದಿನ ಊರಿಗೆ ಮರಳುವ ಯೋಚನೆ ಇದ್ದವರು ಟ್ರೈನರಿನ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಹಾಗಿದ್ದರೆ ಬೆಂಗಳೂರಿನಲ್ಲೂ ನಡೆಯುತ್ತದೆ. ಇಲ್ಲಿನ ವೋಲ್ಟೇಜಿಗೆ ಮಾಡಿದ ಫ್ಯಾನು ಮಾತ್ರ ಇಲ್ಲೇ ಬಿಟ್ಟುಹೋಗಬೇಕು.

7. ಉಪ್ಪು ಹೊರಗಿನದು ಮಾತ್ರವಲ್ಲ

ಈ ಊರಿನಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಹೆದರಿ ಒಳ್ಳೆಯ ಸೈಕಲ್ಲನ್ನು ಒಳಗಿಡುತ್ತೇವೆ. ಒಳಗೆ ನಮ್ಮದೇ ಬೆವರಿನ ಉಪ್ಪು ಅದರ ಮೇಲೆ ಬೀಳುತ್ತದೆ. ಗೆಳೆಯರೊಬ್ಬರ ಸೈಕಲ್ಲಿನ ಹ್ಯಾಂಡಲ್ ಟೇಪನ್ನು ಎರಡು ಚಳಿಗಾಲದ ನಂತರ ಬಿಚ್ಚಿದೆ. ಸುರುಳಿ ಬಿಚ್ಚಿದಂತೆ ಬಿಳಿ ಪುಡಿ ಉದುರಿತು. ಕೆಳಗೆ ಅಲ್ಯೂಮಿನಿಯಂ ಕೊಳವೆಯಲ್ಲಿ ಸಾಸಿವೆಕಾಳಿನಷ್ಟು ದೊಡ್ಡ ಗುಂಡಿಗಳು. ಸ್ಟೆಮ್ಮಿನ ಒಂದು ಬೋಲ್ಟಿನ ತಲೆ ತುಕ್ಕಿನಿಂದ ಸವೆದು ಕೀಲಿಗೆ ಹಿಡಿಯಲೇ ಇಲ್ಲ. ಅಂಥ ಹ್ಯಾಂಡಲ್ ಇಳಿಜಾರಿನಲ್ಲಿ ಮುರಿದರೆ ಏನಾದೀತೆಂದು ಯೋಚಿಸಿ, ಅದನ್ನು ಅಂದೇ ಬದಲಿಸಿದೆವು.

ಹ್ಯಾಂಡಲ್ ಮೇಲೊಂದು ಟವೆಲ್, ಫ್ರೇಮಿನ ಮೇಲೆ ಇನ್ನೊಂದು. ಇಳಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಒಂದು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಟೇಪ್ ಬಿಚ್ಚಿ ನೋಡಲೇಬೇಕು.

8. ಯಂತ್ರವೇ ವ್ಯಾಟ್ ಹಿಡಿಯುವಾಗ

ಈಗಿನ ಸ್ಮಾರ್ಟ್ ಟ್ರೈನರುಗಳಲ್ಲಿ ಅರ್ಗ್ ಎಂಬ ವಿಧಾನವಿದೆ. 200 ವ್ಯಾಟ್ ಎಂದು ಹೇಳಿದರೆ, ನೀವು ನಿಧಾನ ತುಳಿದರೆ ಭಾರ ಹೆಚ್ಚಿಸಿ, ಜೋರಾಗಿ ತುಳಿದರೆ ಭಾರ ತಗ್ಗಿಸಿ, ಅದು 200 ಹಿಡಿದುಕೊಳ್ಳುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುತ್ತಿದ್ದವರು ದಣಿದು 60ಕ್ಕೆ ಇಳಿದರೆ ಪೆಡಲಿನ ಮೇಲಿನ ಒತ್ತು ಒಂದೂವರೆ ಪಟ್ಟಾಗುತ್ತದೆ. ಆ ಭಾರಕ್ಕೆ ಕಾಲು ಇನ್ನೂ ನಿಧಾನ, ಯಂತ್ರ ಇನ್ನೂ ಭಾರ, ಕೊನೆಗೆ ಪೆಡಲ್ ನಿಂತೇಬಿಡುತ್ತದೆ. ಆಗ ಹಟ ಬೇಡ. ಒಂದೆರಡು ಸೆಕೆಂಡು ಕಾಲು ಬಿಟ್ಟು, ಭಾರ ಇಳಿದ ಮೇಲೆ ಸುತ್ತು ಹೆಚ್ಚಿಸಿಕೊಂಡು ಮತ್ತೆ ಹಿಡಿಯಿರಿ. ಸುಸ್ತು ಬರುವ ಸೂಚನೆ ಕಂಡಾಗ ಸುತ್ತು ಇಳಿಯಲು ಬಿಡದಿರುವುದೇ ಇದರ ಗುಟ್ಟು.

ಲ್ಯಾಪ್‌ಟಾಪಿನ ಸೈಕ್ಲಿಂಗ್ ಆ್ಯಪ್‌ಗೆ ಟ್ರೈನರ್ ಸಿಗುತ್ತಿಲ್ಲ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು: "ಫೋನಿನಲ್ಲಿ ಇನ್ನೊಂದು ಆ್ಯಪ್ ತೆರೆದಿದೆಯಾ?" ಬ್ಲೂಟೂತ್ ಸಂಪರ್ಕ ಅದರ ಕೈಯಲ್ಲಿದ್ದರೆ ಲ್ಯಾಪ್‌ಟಾಪಿಗೆ ಸಿಗದೇ ಹೋಗಬಹುದು. ಅದನ್ನು ಮುಚ್ಚಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

9. ಕೂರುವ ನೋವು

ರಸ್ತೆಯಲ್ಲಿ ಗೊತ್ತಿಲ್ಲದೆಯೇ ಏಳುತ್ತೇವೆ, ವಾಲುತ್ತೇವೆ, ಗುಂಡಿ ಬಂದಾಗ ಮೈ ಎತ್ತುತ್ತೇವೆ. ಒಳಗೆ ಸೈಕಲ್ ಅಲುಗುವುದಿಲ್ಲ, ಭಾರವೆಲ್ಲ ಒಂದೇ ಕಡೆ. ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಂತು ತುಳಿಯಿರಿ. ಒಳ್ಳೆಯ ಪ್ಯಾಡಿನ ಚಡ್ಡಿ ಮನೆಯೊಳಗೇ ಹೆಚ್ಚು ಬೇಕು. ಇಳಿದ ಮೇಲೆ ಅದೇ ಒದ್ದೆ ಚಡ್ಡಿಯಲ್ಲಿ ಕಾಫಿ ಕುಡಿಯುತ್ತಾ ಕೂರಬೇಡಿ, ಗುಳ್ಳೆ ಏಳುವುದು ಅಲ್ಲಿಂದಲೇ.

10. ಒಂದು ಗಂಟೆ ಬೇಕಾದಷ್ಟಾಯಿತು

ಒಳಗೆ ಇಳಿಜಾರಿಲ್ಲ, ಸಿಗ್ನಲ್ ಇಲ್ಲ, ಕಾಲು ಬಿಟ್ಟು ತೇಲುವ ಕ್ಷಣವಿಲ್ಲ. ಹಾಗಾಗಿ ಒಂದು ಗಂಟೆಗೆ ತೂಕ ಹೆಚ್ಚು. ಹತ್ತು ನಿಮಿಷ ಮೈ ಬಿಸಿ, ಆಮೇಲೆ ಎಂಟು ನಿಮಿಷದ ಗಟ್ಟಿ ತುಳಿತ ಮೂರು ಸಲ, ನಡುನಡುವೆ ನಾಲ್ಕು ನಿಮಿಷ ಹಗುರ, ಕೊನೆಗೆ ಮೈ ಆರಿಸಿಕೊಳ್ಳುವುದು. ಇಂಥದ್ದು ವಾರಕ್ಕೆ ಎರಡು ದಿನ ಸಾಕು, ಮಿಕ್ಕ ದಿನ ಮಾತಾಡುತ್ತಾ ತುಳಿಯುವಷ್ಟು ಹಗುರ.

ಮಾತಾಡಲು ಜೊತೆ ಬೇಕಲ್ಲ, ಅದಕ್ಕೂ ದಾರಿಯಿದೆ. ಚಳಿಗಾಲದಲ್ಲಿ ನಮಗೂ ಬೆಂಗಳೂರಿಗೂ ಹನ್ನೊಂದೂವರೆ ಗಂಟೆ ಅಂತರ. ಇಲ್ಲಿ ಶನಿವಾರ ರಾತ್ರಿ ಏಳೂವರೆ ಎಂದರೆ ಅಲ್ಲಿ ಭಾನುವಾರ ಬೆಳಗಿನ ಏಳು. ಜ್ವಿಫ್ಟ್ ಎಂಬ ಸೈಕ್ಲಿಂಗ್ ಆ್ಯಪ್‌ನಲ್ಲಿ ವಾಟೋಪಿಯಾ ಎಂಬ ಕಲ್ಪನೆಯ ದ್ವೀಪದ ರಸ್ತೆಗಳಿವೆ. ಜಯನಗರದಲ್ಲಿರುವ ನನ್ನ ತಮ್ಮ ತನ್ನ ಬಾಲ್ಕನಿಯಿಂದ, ನಾನು ನನ್ನ ಬೇಸ್‌ಮೆಂಟಿನಿಂದ ಅಲ್ಲಿ ಸೇರುತ್ತೇವೆ, ಪಕ್ಕದಲ್ಲಿ ಫೋನಿನ ಸ್ಪೀಕರ್ ಆನ್. ವೇಗದ ಚಿಂತೆಯಿಲ್ಲದ ಅಂಥ ತುಳಿತದಲ್ಲಿ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಒಬ್ಬರೇ ಗೋಡೆ ನೋಡುತ್ತಾ ತುಳಿದು ಸಾಕಾದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

11. ಏಪ್ರಿಲ್‌ನಲ್ಲಿ ರಸ್ತೆಗಿಳಿಯುವ ಮುನ್ನ

ಟ್ರೈನರ್ ಟೈರ್ ಹಾಕಿದ್ದರೆ ಬಿಚ್ಚಿ. ಅದಕ್ಕೆ ರಸ್ತೆಯ ಹಿಡಿತವಿಲ್ಲ, ಒದ್ದೆ ತಿರುವಿನಲ್ಲಿ ಜಾರುತ್ತದೆ. ಬ್ರೇಕ್, ಆಕ್ಸಲ್, ಹ್ಯಾಂಡಲಿನ ಬೋಲ್ಟು ಬಿಗಿಯಿದೆಯೇ ನೋಡಿ, ಚೈನ್ ತೊಳೆದು ಎಣ್ಣೆ ಬಿಡಿ. ಕಾಲಿಗೆ ಬಲ ಬಂದಿರುತ್ತದೆ. ತಿರುವು, ಬ್ರೇಕು, ಗುಂಪಿನಲ್ಲಿ ಪಕ್ಕದವರ ಅಂತರ ಇವನ್ನೆಲ್ಲ ಮೈ ಮರೆತಿರುತ್ತದೆ. ಮೊದಲ ದಿನ ಗುಂಪು ಸೇರದೆ, ಹ್ಯಾರಿಯೆಟ್ ಸರೋವರದ ಸುತ್ತಿನಂಥ ಸಮತಟ್ಟಾದ ದಾರಿಯಲ್ಲಿ ಒಬ್ಬರೇ ಹೋಗಿ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಮರಳು ತಿರುವುಗಳ ಅಂಚಿನಲ್ಲಿ ಇನ್ನೂ ಉಳಿದಿರುತ್ತದೆ, ಅಲ್ಲಿ ಸೈಕಲ್ ವಾಲಿಸದೆ ನೇರವಾಗಿ, ನಿಧಾನವಾಗಿ ದಾಟಿ.