ಮೇವಿನ ಯಂತ್ರ ಪದೇ ಪದೇ ನಿಂತರೆ

ಪ್ರಶ್ನೆ: ನಮ್ಮದು ಹಿರೇಕೆರೂರು ತಾಲ್ಲೂಕಿನ ಹಳ್ಳಿ. ಎರಡು ಎಮ್ಮೆ, ಒಂದು ಆಕಳು ಇವೆ. ಹೋದ ವರ್ಷ 2 ಎಚ್‌.ಪಿ. ಸಿಂಗಲ್ ಫೇಸ್ ಮೋಟರಿನ ಮೇವು ಕತ್ತರಿಸುವ ಯಂತ್ರ ತಂದೆವು. ಈಗ ಸಂಜೆ ಗೋವಿನಜೋಳದ ಹಸಿ ದಂಟು ಹಾಕಿದರೆ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ. ಕೆಲವು ಸಲ ಎಂಸಿಬಿ ಬೀಳುತ್ತದೆ, ಕೆಲವು ಸಲ ಅದು ಬೀಳದೆಯೂ ನಿಲ್ಲುತ್ತದೆ. ದೊಡ್ಡ ಎಂಸಿಬಿ ಹಾಕಿಸು ಅನ್ನುತ್ತಾರೆ ಪಕ್ಕದವರು. ಯಂತ್ರಕ್ಕೆ ಮೇವು ಕೊಡುವವಳು ಅವ್ವ. ಸಿಕ್ಕಿಕೊಂಡ ದಂಟನ್ನು ಕೈಯಿಂದಲೇ ಎಳೆಯುತ್ತಾಳೆ. ನನಗೆ ಅದರದೇ ಭಯ. ಯಂತ್ರ ಮಾರಿಬಿಡಲೇ?

ಉತ್ತರ: ಮಾರಬೇಡಿ. ದೊಡ್ಡ ಎಂಸಿಬಿಯನ್ನೂ ಹಾಕಿಸಬೇಡಿ. ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೇ ಮೊದಲು ಅವ್ವನ ಕೈಯ ಮಾತು.

ಎಂಸಿಬಿ ಬೀಳದೆ ಯಂತ್ರ ನಿಂತರೆ, ಮೋಟರಿನೊಳಗಿನ ಓವರ್‌ಲೋಡ್ ಪ್ರೊಟೆಕ್ಟರ್ ಕಾದು ಸಂಪರ್ಕ ಕಡಿದಿರಬಹುದು. ಕೆಲವು ಮೋಟರುಗಳಲ್ಲಿ ಅದು ತಣ್ಣಗಾದೊಡನೆ ತಾನೇ ಕೂಡಿಕೊಳ್ಳುತ್ತದೆ. ಸ್ವಿಚ್ ಆನ್ ಇದ್ದರೆ ಯಾರೂ ಮುಟ್ಟದೆಯೇ ಬ್ಲೇಡು ತಿರುಗತೊಡಗುತ್ತದೆ. ಕರೆಂಟ್ ಹೋಗಿ ಬಂದಾಗಲೂ ಹೀಗೇ ಆಗಬಹುದು. ಆದ್ದರಿಂದ ಯಂತ್ರ ಯಾವ ಕಾರಣಕ್ಕೇ ನಿಲ್ಲಲಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಚಕ್ರ ಪೂರ್ತಿ ನಿಂತ ಮೇಲಷ್ಟೇ ಹತ್ತಿರ ಹೋಗಬೇಕು. ಆಗಲೂ ದಂಟು ತೆಗೆಯಲು ಕಟ್ಟಿಗೆ ಬಳಸಬೇಕು, ಕೈಯಲ್ಲ. ಕೆಲಸಕ್ಕೆ ನಿಲ್ಲುವಾಗ ಸೆರಗು ಬಿಗಿಯಾಗಿ ಸಿಕ್ಕಿಸಿರಬೇಕು. ಒಂದು ಡಿಒಎಲ್ ಸ್ಟಾರ್ಟರ್ ಹಾಕಿಸಿದರೆ ಕರೆಂಟ್ ಬಂದಾಗ ಯಂತ್ರ ತಾನಾಗಿ ಶುರುವಾಗದು, ಗುಂಡಿ ಒತ್ತಲೇಬೇಕು.

ಇನ್ನು ದೋಷ ಹುಡುಕೋಣ. ಯಂತ್ರ ಯಾವ ಹೊತ್ತಿನಲ್ಲಿ ನಿಲ್ಲುತ್ತದೆ ಎಂಬುದೇ ಅರ್ಧ ಉತ್ತರ.

ಆನ್ ಮಾಡಿದ ಕೂಡಲೇ ಎಂಸಿಬಿ ಬಿದ್ದರೆ, ಒಳಗೆ ದಂಟು ಸಿಕ್ಕಿದೆಯೇ ನೋಡಿ. 2 ಎಚ್‌.ಪಿ. ಮೋಟರು ಓಡುವಾಗ ಸುಮಾರು 10–11 ಆಂಪಿಯರ್ ಎಳೆದರೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಮನೆಯ ದೀಪಗಳಿಗೆ ಹಾಕುವ ‘ಬಿ’ ವರ್ಗದ ಎಂಸಿಬಿ ಈ ಹೊಡೆತಕ್ಕೆ ಬೀಳಬಹುದು. ಅದೇ ಆಂಪಿಯರಿನ ‘ಸಿ’ ವರ್ಗದ್ದು ತಡೆದುಕೊಳ್ಳುತ್ತದೆ. ಆಂಪಿಯರ್ ಹೆಚ್ಚಿಸಿದರೆ ಮಾತ್ರ ವಯರು ಕಾದರೂ ಎಂಸಿಬಿ ಬೀಳುವುದಿಲ್ಲ. ಒಣ ಮೇವು ತುಂಬಿದ ಕೊಟ್ಟಿಗೆಯಲ್ಲಿ ಅದು ಬೆಂಕಿಗೆ ದಾರಿ.

ಮೋಟರು ಗುಂಯ್‌ಗುಟ್ಟಿ ತಿರುಗದೇ ಇದ್ದರೆ, ಮತ್ತು ಒಳಗೆ ಏನೂ ಸಿಕ್ಕಿರದಿದ್ದರೆ, ಕೆಪಾಸಿಟರ್ ಸತ್ತಿರುವ ಸಂಭವ ಹೆಚ್ಚು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಅದನ್ನು ಮೆಕ್ಯಾನಿಕ್ಕೇ ಬದಲಿಸಲಿ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಮೋಟರಿನ ಟರ್ಮಿನಲ್ ಡಬ್ಬಿಗೆ ನೀರು ಹೋಗಿರಬಹುದು. ಅರ್ಥಿಂಗ್ ಪರೀಕ್ಷೆಯಾಗದೆ ಆ ಯಂತ್ರ ಓಡಿಸಬಾರದು.

ನಿಮ್ಮದು ಓಡುತ್ತ ಓಡುತ್ತ ನಿಲ್ಲುವ ಯಂತ್ರ. ಇದಕ್ಕೆ ಸಾಮಾನ್ಯವಾಗಿ ಕಾರಣ ಮೂರು: ವೋಲ್ಟೇಜು, ವಯರು, ಭಾರ.

ಸಂಜೆ ಊರಿನ ಎಲ್ಲ ಮನೆಗಳಲ್ಲೂ ದೀಪ, ಟಿ.ವಿ., ಪಂಪು ನಡೆದಾಗ ವೋಲ್ಟೇಜು ಇಳಿಯಬಹುದು. ಮೋಟರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230 ಇರಬೇಕಾದ್ದು 180ಕ್ಕೆ ಇಳಿದರೆ ಉಳಿಯುವ ಬಲ ಸುಮಾರು ಶೇಕಡ 61ರಷ್ಟು. ಅಷ್ಟೇ ದಂಟು ಕತ್ತರಿಸಲು ಮೋಟರು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ.

ವಯರಿನ ಲೆಕ್ಕವನ್ನೂ ನೋಡಿ. ಮೀಟರಿನಿಂದ ಕೊಟ್ಟಿಗೆಗೆ 40 ಮೀಟರ್ ದೂರವಿದ್ದು, 1 ಚದರ ಮಿ.ಮೀ. ತಾಮ್ರದ ವಯರಿದ್ದರೆ ದಾರಿಯಲ್ಲೇ ಸುಮಾರು 16 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿ.ಮೀ. ಇದ್ದರೆ ಸುಮಾರು 4 ವೋಲ್ಟ್ ಮಾತ್ರ. ಎಲೆಕ್ಟ್ರಿಷಿಯನ್ ಕರೆದು, ಯಂತ್ರ ಮೇವು ಕತ್ತರಿಸುತ್ತಿರುವಾಗಲೇ ಮೀಟರಿನ ಬಳಿ ಒಮ್ಮೆ, ಮೋಟರಿನ ಬಳಿ ಒಮ್ಮೆ ವೋಲ್ಟೇಜು ಅಳೆಸಿ. ಮೀಟರಿನಲ್ಲೇ ಕಡಿಮೆ ಬಂದರೆ 1912ಕ್ಕೆ ದೂರು ಕೊಡಿ. ಅಲ್ಲಿ ಸರಿಯಿದ್ದು ಮೋಟರಿನ ಬಳಿ ಕಡಿಮೆ ಇದ್ದರೆ ವಯರು ಬದಲಿಸಿ.

ಭಾರ ಊರಿಂದೂರಿಗೆ ಬೇರೆ. ಹಾನಗಲ್ಲಿನ ಕಡೆ ಮಳೆಯಲ್ಲಿ ನೆನೆದ ಹುಲ್ಲು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಶಿಗ್ಗಾಂವಿ, ಸವಣೂರಿನ ಒಣ ಕಣಿಕೆಯ ಧೂಳು ಮೋಟರಿನ ಗಾಳಿಕಿಂಡಿ ಮುಚ್ಚಿ ಅದನ್ನು ಕಾಯಿಸುತ್ತದೆ. ನಿಮ್ಮ ಗೋವಿನಜೋಳದ ದಂಟು ದಪ್ಪ, ನೀರು ತುಂಬಿದ್ದು. ಕೊಯ್ದ ಮೇಲೆ ಅರ್ಧ ದಿನ ಬಾಡಲು ಬಿಟ್ಟು, ಒಂದೊಂದು ಹಿಡಿಯಷ್ಟೇ ಕೊಡಿ. ಬ್ಲೇಡು ಮಸೆಸಿ, ಕದಲದ ಬ್ಲೇಡಿಗೂ ಅದಕ್ಕೂ ನಡುವಿನ ಅಂತರವನ್ನು ಯಂತ್ರದ ಕೈಪಿಡಿಯಂತೆ ಹೊಂದಿಸಿ. ಮೊಂಡು ಬ್ಲೇಡು ದಂಟನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಮೋಟರಿಗೆ ಭಾರ ಏರುವುದು ಅಲ್ಲಿಯೇ.

ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ನಾಳೆ ಬೆಳಗಿನ ಜಾವ, ಊರಲ್ಲಿ ಕರೆಂಟಿನ ಬಳಕೆ ಕಡಿಮೆ ಇರುವಾಗ, ಅದೇ ಮೇವನ್ನು ಅಷ್ಟೇ ಪ್ರಮಾಣದಲ್ಲಿ ಕತ್ತರಿಸಿ ನೋಡಿ. ನಿಲ್ಲದೆ ಓಡಿದರೆ ದೋಷ ಯಂತ್ರದ್ದಲ್ಲ, ವೋಲ್ಟೇಜಿನದು. ಮೇವು ಹಾಕದೆ ಬರಿದೇ ಓಡಿಸಿದರೂ ಕಾದು ನಿಂತರೆ, ಬೇರಿಂಗ್ ಅಥವಾ ವೈಂಡಿಂಗ್ ನೋಡಿಸಬೇಕು. ಈ ಹುಡುಕಾಟಕ್ಕೆ ನಾಲ್ಕಾರು ದಿನ ಹಿಡಿದರೆ ಹಿಡಿಯಲಿ. ಪ್ಲಗ್ ಕೀಳುವ ರೂಢಿಯನ್ನು ಮಾತ್ರ ಅವ್ವನಿಗೆ ಇವತ್ತು ಸಂಜೆಯೇ ಮಾಡಿಸಿ, ಮನೆಯವರೆಲ್ಲರೂ ಅದನ್ನೇ ಪಾಲಿಸಿ.