ಕಡಲ ತಡಿಯ ಕಾಂಕ್ರೀಟು ಮತ್ತು ಕ್ಯಾಮೆರಾ

ಸಮುದ್ರತೀರಕ್ಕೆ ಹೋದವರಲ್ಲಿ ಬಹುಮಂದಿ ಸೂರ್ಯಾಸ್ತದ ಚಿತ್ರವನ್ನು ತೆಗೆಯುತ್ತಾರೆ. ದಡವನ್ನು ಕಾಯುತ್ತಿರುವ ಕಾಂಕ್ರೀಟು ಬ್ಲಾಕುಗಳ ಕಡೆಗೆ ಕ್ಯಾಮೆರಾವನ್ನು ತಿರುಗಿಸುವವರು ವಿರಳ. ಬೂದುಬಣ್ಣದ ಈ ಒರಟು ವಸ್ತುವಿನಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳುವುದು ಸಹಜವೇ. ಆದರೆ ಬೆಳಕು, ನೆರಳು, ಅಳತೆ, ಕಾಲ ಈ ನಾಲ್ಕನ್ನೂ ಒಟ್ಟಿಗೆ ಕಲಿಸಬಲ್ಲ ವಸ್ತು ಇದಕ್ಕಿಂತ ಉತ್ತಮವಾದುದು ದೊರೆಯುವುದು ಕಷ್ಟ. ಅಲ್ಲದೆ, ಕ್ರಮವರಿತು ತೆಗೆದ ಚಿತ್ರವು ದಡವು ನಿಂತಿದೆಯೋ ಸರಿಯುತ್ತಿದೆಯೋ ಎಂಬುದಕ್ಕೆ ಸಾಕ್ಷಿಯೂ ಆಗುತ್ತದೆ. ಅಂತಹ ಚಿತ್ರವನ್ನು ತೆಗೆಯುವ ಬಗೆಯನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ. ಮೊಬೈಲ್ ಫೋನಿನ ಕ್ಯಾಮೆರಾ ಇದ್ದರೂ ಸಾಕು.

ನಾಲ್ಕು ಕಾಲಿನ ಕಾವಲುಗಾರ

ಚಿತ್ರ ತೆಗೆಯುವ ಮುನ್ನ ವಸ್ತುವನ್ನು ಅರಿತಿರಬೇಕು. ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಿರುಗಾಡಿದವರು ಗೋಡೆಯಾಚೆ ರಾಶಿ ಬಿದ್ದಿರುವ ನಾಲ್ಕು ಕಾಲಿನ ಬ್ಲಾಕುಗಳನ್ನು ಕಂಡಿರಬಹುದು. ಇವಕ್ಕೆ ಟೆಟ್ರಾಪಾಡ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ನಾಲ್ಕು ಕಾಲುಗಳುಳ್ಳದ್ದು ಎಂದರ್ಥ. 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಜಲವಿಜ್ಞಾನ ಪ್ರಯೋಗಾಲಯವೊಂದರಲ್ಲಿ ಪಿಯರ್ ದಾನೆಲ್ ಮತ್ತು ಪೋಲ್ ಆಂಗ್ಲೆ ದೋರಿಯಾಕ್ ಎಂಬವರು ಇದನ್ನು ರೂಪಿಸಿದರು. ಮೊರಾಕ್ಕೊ ದೇಶದ ಕಾಸಾಬ್ಲಾಂಕಾದಲ್ಲಿ, ರೋಶ್ ನ್ವಾರ್ ಎಂಬ ಉಷ್ಣವಿದ್ಯುತ್ ಸ್ಥಾವರವು ಸಮುದ್ರದ ನೀರನ್ನು ಒಳಸೆಳೆದುಕೊಳ್ಳುವ ಸ್ಥಳವನ್ನು ಕಾಪಾಡಲು ಇದು ಮೊದಲು ಬಳಕೆಗೆ ಬಂದಿತು.

ಇದರ ಎರಡು ಕಾಲುಗಳ ನಡುವಣ ಕೋನವು ಸುಮಾರು 109.5°. ಮೀಥೇನ್ ಅಣುವಿನಲ್ಲಿ ಇಂಗಾಲದ ನಾಲ್ಕು ಬಂಧಗಳು ಚಾಚಿರುವುದೂ ಇದೇ ಕೋನದಲ್ಲಿ ಎಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಹೇಗೆ ಬಿದ್ದರೂ ಮೂರು ಕಾಲೂರಿ ಕೂರುವುದು, ನೆರೆಯ ಬ್ಲಾಕಿನ ಕಾಲುಗಳೊಡನೆ ಹೆಣೆದುಕೊಳ್ಳುವುದು ಈ ಆಕಾರದ ಗುಣ. ರಾಶಿಯ ಸುಮಾರು ಅರ್ಧ ಭಾಗ ಬರಿಯ ಸಂದು. ಸಪಾಟಾದ ಗೋಡೆಯು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ಹಿಂತಿರುಗಿದ ನೀರು ಗೋಡೆಯ ಬುಡದ ಮರಳನ್ನು ಕೊರೆಯುತ್ತದೆ. ಟೆಟ್ರಾಪಾಡುಗಳ ರಾಶಿಯಲ್ಲಾದರೋ ನೀರು ಸಂದುಗಳೊಳಗೆ ನುಗ್ಗಿ, ಸುಳಿಸುಳಿಯಾಗಿ ಒಡೆದು, ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಕಾಂಕ್ರೀಟಿನ ಒಂದು ಘನಮೀಟರು ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ಅದನ್ನು ಸಮುದ್ರದ ನೀರಿನಲ್ಲಿ ಮುಳುಗಿಸಿದರೆ, ಆರ್ಕಿಮಿಡೀಸನ ನಿಯಮದಂತೆ 1,025 ಕಿಲೋಗ್ರಾಮಿನಷ್ಟು ಹಗುರಾಗಿ, ಉಳಿಯುವುದು ಕೇವಲ 1,375. ಬ್ಲಾಕುಗಳು ಇಷ್ಟೊಂದು ದಪ್ಪನಾಗಿರಲು ಇದೊಂದು ಕಾರಣ. ಮತ್ತೊಂದು ಕಾರಣವೆಂದರೆ, ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಬ್ಲಾಕಿನ ತೂಕವನ್ನು ಹೆಚ್ಚಿಸಬೇಕಾಗುತ್ತದೆ. ಅಲೆ ಎರಡು ಪಟ್ಟು ಎತ್ತರವಾದರೆ ಎಂಟು ಪಟ್ಟು ತೂಕದ ಬ್ಲಾಕು ಬೇಕು.

ಬೆಳಕು ಬೀಳುವ ಕೋನ

ಕಾಂಕ್ರೀಟಿನ ಮೈಯಲ್ಲಿ ಅದರ ಚರಿತ್ರೆಯೇ ಬರೆದಿದೆ. ಎರಕದ ಅಚ್ಚಿನ ಹಲಗೆಗಳ ಗುರುತು, ಗಾಳಿಗುಳ್ಳೆಗಳ ಸಣ್ಣ ಕುಳಿ, ಅಲೆ ಸವೆಸಿದಲ್ಲಿ ಹೊರಬಿದ್ದ ಜಲ್ಲಿ, ಕೂದಲೆಳೆಯಂತಹ ಬಿರುಕು ಇವೆಲ್ಲ ಅಲ್ಲಿವೆ. ಇವನ್ನು ಕಾಣಿಸುವುದು ನೆರಳು. ಸೂರ್ಯಕಿರಣವು ಮೇಲ್ಮೈಗೆ 60° ಕೋನದಲ್ಲಿ ಬಿದ್ದಾಗ 1 ಮಿಲಿಮೀಟರು ಉಬ್ಬಿನ ನೆರಳು ಸುಮಾರು 0.6 ಮಿಲಿಮೀಟರು, ಕೋನ 10° ಆದಾಗ ಅದೇ ಉಬ್ಬಿನ ನೆರಳು 5.7 ಮಿಲಿಮೀಟರು. ಓರೆಬೆಳಕಿನಲ್ಲಿ ಬಿರುಕು ಎದ್ದು ಕಾಣುವ ಗುಟ್ಟು ಇಷ್ಟೆ.

ಬೆಳಗಿನ ಮತ್ತು ಸಂಜೆಯ ಬಿಸಿಲೇ ಉತ್ತಮವೆಂದು ಛಾಯಾಗ್ರಾಹಕರು ಸಾಮಾನ್ಯವಾಗಿ ಹೇಳುವುದುಂಟು. ನೆಲಕ್ಕೆ ಸಮಾಂತರವಾದ ಮೇಲ್ಮೈಗೆ ಈ ಮಾತು ಸರಿ. ಆದರೆ ನಮ್ಮ ಪಶ್ಚಿಮ ಕರಾವಳಿಯ ಕಡಲಗೋಡೆಯು ಪಡುವಣಕ್ಕೆ ಮುಖಮಾಡಿ ನೆಟ್ಟಗೆ ನಿಂತಿದೆಯೆಂದು ಭಾವಿಸಿರಿ. ಬೆಳಿಗ್ಗೆ ಅದರ ಮುಖವೆಲ್ಲ ನೆರಳು. ಸಂಜೆ ಬೆಳಕು ನೇರವಾಗಿ ಮುಖಕ್ಕೆ ಬಡಿಯುವುದರಿಂದ ಉಬ್ಬುತಗ್ಗುಗಳು ಅಳಿಸಿಹೋಗುತ್ತವೆ. ಮಧ್ಯಾಹ್ನ ಕಳೆದ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಕಿರಣಗಳು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತವೆ. ಆದುದರಿಂದ ಗಡಿಯಾರವನ್ನು ನೋಡುವುದಕ್ಕಿಂತ ಮೇಲ್ಮೈಗೂ ಕಿರಣಕ್ಕೂ ನಡುವಣ ಕೋನವನ್ನು ನೋಡುವುದು ಲೇಸು.

ಕ್ಯಾಮೆರಾದ ಬೆಳಕುಮಾಪಕವು ತನ್ನ ಮುಂದಿನ ದೃಶ್ಯವು ಬಿದ್ದ ಬೆಳಕಿನಲ್ಲಿ ಸರಾಸರಿ ಶೇಕಡಾ 18ರಷ್ಟನ್ನು ಹಿಂತಿರುಗಿಸುತ್ತದೆಂದು ಸ್ಥೂಲವಾಗಿ ಎಣಿಸಿಕೊಳ್ಳುತ್ತದೆ. ಬಿಳಿಯ ನೊರೆ ಚಿತ್ರವನ್ನೆಲ್ಲ ತುಂಬಿದ್ದರೆ ಈ ಲೆಕ್ಕ ತಪ್ಪಿ, ನೊರೆ ಬೂದಿಯ ಬಣ್ಣಕ್ಕೂ ಬ್ಲಾಕು ಕಪ್ಪಿಗೂ ತಿರುಗುತ್ತವೆ. ಅಂತಹ ವೇಳೆ ಕ್ಯಾಮೆರಾ ಸೂಚಿಸಿದುದಕ್ಕಿಂತ ಸುಮಾರು ಎರಡರಷ್ಟು ಬೆಳಕನ್ನು ಕೊಡಬೇಕು. ಒದ್ದೆಯಾದ ಕಾಂಕ್ರೀಟು ಒಣಗಿದ್ದಕ್ಕಿಂತ ಕಪ್ಪಾಗಿ ಕಾಣುವುದೇಕೆ? ಒಣ ಮೈಯ ರಂಧ್ರಗಳಲ್ಲಿ ಗಾಳಿ ಇರುತ್ತದೆ. ಗಾಳಿಗೂ ಖನಿಜಕ್ಕೂ ವಕ್ರೀಭವನಾಂಕದ ಅಂತರ ಹೆಚ್ಚಾದುದರಿಂದ ಬೆಳಕು ಚೆದರಿ ಬಹುಮಟ್ಟಿಗೆ ಹಿಂದಕ್ಕೆ ಬರುತ್ತದೆ. ರಂಧ್ರಗಳಲ್ಲಿ ನೀರು ತುಂಬಿದೊಡನೆ ಆ ಅಂತರ ತಗ್ಗುತ್ತದೆ. ಬೆಳಕು ಒಳಕ್ಕೆ ಇಳಿದು ಹೀರಲ್ಪಡುತ್ತದೆ. ಇದರಿಂದ ಒಂದು ಪ್ರಯೋಜನವೂ ಉಂಟು. ಗೋಡೆ ಒಣಗುತ್ತಿರುವಾಗ ಬಿರುಕಿನಲ್ಲಿ ನಿಂತ ನೀರು ಕೊನೆಗೆ ಆರುವುದರಿಂದ, ಆ ಹೊತ್ತಿನ ಚಿತ್ರದಲ್ಲಿ ಬಿರುಕುಗಳು ಕಪ್ಪು ಗೆರೆಗಳಾಗಿ ತೋರುತ್ತವೆ.

ಚಿತ್ರದಿಂದ ತೂಕ

ಅಳತೆಯ ಗುರುತಿಲ್ಲದ ಚಿತ್ರದಲ್ಲಿ ಟೆಟ್ರಾಪಾಡು ಆಟಿಕೆಯಂತೆಯೂ ಕಾಣಬಹುದು, ಮನೆಯಂತೆಯೂ ಕಾಣಬಹುದು. ಒಂದು ಮೀಟರು ಉದ್ದದ ಕೋಲಿಗೆ 10 ಸೆಂಟಿಮೀಟರಿಗೊಂದರಂತೆ ಕಪ್ಪು ಬಿಳುಪು ಪಟ್ಟೆ ಬಳಿದು, ಬ್ಲಾಕಿನ ಪಕ್ಕದಲ್ಲಿ ನಿಲ್ಲಿಸಬೇಕು. ಕೋಲು ಕ್ಯಾಮೆರಾದಿಂದ ಬ್ಲಾಕಿನಷ್ಟೇ ದೂರದಲ್ಲಿರುವುದು ಅಗತ್ಯ. ಬ್ಲಾಕು 10 ಮೀಟರು, ಕೋಲು 8 ಮೀಟರು ದೂರದಲ್ಲಿದ್ದರೆ ಕೋಲು 1.25 ಪಟ್ಟು ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ. ಕ್ಯಾಮೆರಾವನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗಿಸಲೂ ಕೂಡದು. ಬಾಗಿಸಿದರೆ ಸಮಾಂತರ ಅಂಚುಗಳು ಒಂದರ ಕಡೆಗೊಂದು ವಾಲುತ್ತವೆ.

ಹೀಗೆ ಎತ್ತರ ತಿಳಿದರೆ ತೂಕವನ್ನೂ ಅಂದಾಜು ಮಾಡಬಹುದು. ಟೆಟ್ರಾಪಾಡಿನ ಗಾತ್ರವು ಅದರ ಎತ್ತರದ ಘನದ 0.28ರಷ್ಟು. ಎತ್ತರ 2 ಮೀಟರಾದರೆ ಗಾತ್ರ 0.28 × 8 = 2.24 ಘನಮೀಟರು, ತೂಕ 2.24 × 2.4, ಎಂದರೆ ಸುಮಾರು 5.4 ಟನ್ನು. ಎತ್ತರದ ಅಳತೆಯಲ್ಲಿ ಶೇಕಡಾ 10ರಷ್ಟು ಹೆಚ್ಚಾದರೆ ತೂಕದಲ್ಲಿ ಶೇಕಡಾ 33ರಷ್ಟು ಹೆಚ್ಚಾಗುವುದೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು. ಕೋಲನ್ನು ಎಚ್ಚರಿಕೆಯಿಂದ ನಿಲ್ಲಿಸಬೇಕೆಂದುದು ಇದಕ್ಕಾಗಿ.

ಒಂದೇ ನೆಲೆಯಿಂದ ಮತ್ತೆ ಮತ್ತೆ

ಒಂದು ಚಿತ್ರ ಆ ಕ್ಷಣವನ್ನಷ್ಟೇ ಹೇಳುತ್ತದೆ. ಎರಡು ಚಿತ್ರಗಳು ಬದಲಾವಣೆಯನ್ನು ಹೇಳುತ್ತವೆ. ಇದರ ಮಹತ್ವವನ್ನು ತಿಳಿಯಲು ಪೋರ್ಚುಗಲ್ ದೇಶದ ಸೀನೆಶ್ ಬಂದರಿನ ಕಥೆಯನ್ನು ನೆನೆಯಬಹುದು. ಅಲ್ಲಿನ ಅಲೆತಡೆಗೋಡೆಗೆ ದೋಲೋಸ್ ಎಂಬ ಬೇರೊಂದು ಆಕಾರದ, ಒಂದೊಂದೂ 42 ಟನ್ ತೂಗುವ ಬ್ಲಾಕುಗಳನ್ನು ಹೊದಿಸಿದ್ದರು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಅವುಗಳಲ್ಲಿ ಅಪಾರ ಸಂಖ್ಯೆಯವು ಮುರಿದು, ಗೋಡೆ ಭಾರಿ ಹಾನಿಗೊಳಗಾಯಿತು. ಕಬ್ಬಿಣದ ಸರಳುಗಳಿಲ್ಲದ ದೊಡ್ಡ ಬ್ಲಾಕು ಅಲೆಯಲ್ಲಿ ತೊಟ್ಟಿಲಿನಂತೆ ತೂಗಿ ನೆರೆಯ ಬ್ಲಾಕಿಗೆ ಬಡಿದರೆ, ತನ್ನ ತೂಕದಿಂದಲೇ ಅದರ ಕಾಲು ಮುರಿಯಬಹುದೆಂಬ ಪಾಠವನ್ನು ಎಂಜಿನಿಯರುಗಳು ಕಲಿತರು. ಮುರಿಯುವ ಮುನ್ನ ಬ್ಲಾಕು ಸರಿದಿರುವುದು ಬರಿಗಣ್ಣಿಗೆ ತಿಳಿಯದು. ಒಂದೇ ನೆಲೆಯಿಂದ ತೆಗೆದ ಎರಡು ಚಿತ್ರಗಳನ್ನು ಹೋಲಿಸಿದರೆ ತಿಳಿಯುತ್ತದೆ.

ಅದಕ್ಕಾಗಿ ಗುರುತಿಸಬಹುದಾದ ಒಂದು ಗಟ್ಟಿನೆಲೆಯನ್ನು ಆರಿಸಿಕೊಂಡು, ಕ್ಯಾಮೆರಾದ ಎತ್ತರ, ದಿಕ್ಕು, ದಿನಾಂಕ, ಗಂಟೆ, ನೀರಿನ ಮಟ್ಟ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಉಬ್ಬರವಿಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ನಿನ್ನೆಯ ಗಂಟೆಗೇ ಹೋದರೆ ಇಂದು ನಿನ್ನೆಯ ನೀರು ಸಿಕ್ಕದು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ, ಪೂರ್ಣ ಇಳಿತದ ಹೊತ್ತಿನಲ್ಲಿ, ಬ್ಲಾಕುಗಳ ಬುಡ ಹೆಚ್ಚಾಗಿ ಬಯಲಾಗುತ್ತದೆ. ಆಗ ಪಾಚಿಯ ಹಸಿರು ಗೆರೆಯನ್ನೂ ಚಿತ್ರದಲ್ಲಿ ಸೇರಿಸಿರಿ. ನೀರು ದಿನದಿನವೂ ಎಲ್ಲಿಯವರೆಗೆ ಏರುತ್ತದೆಂಬುದನ್ನು ಅದು ತೋರಿಸುತ್ತದೆ.

ಊರೊಳಗಿನ ಕಾಂಕ್ರೀಟು

ಕಡಲಿಲ್ಲದ ಊರಿನವರು ನಿರಾಶರಾಗಬೇಕಾದುದಿಲ್ಲ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಗಳು 1959ರಿಂದ ನೀರಿನ ಗೋಪುರ, ಕುಲುಮೆ ಮುಂತಾದ ಕಟ್ಟಡಗಳನ್ನು ಮೋಡ ಕವಿದ ಬೆಳಕಿನಲ್ಲಿ, ನೇರ ಎದುರಿನಿಂದ, ಒಂದೇ ರೀತಿಯಲ್ಲಿ ಚಿತ್ರಿಸಿ ಸಾಲಾಗಿ ಜೋಡಿಸಿದರು. ಹಾಗೆ ಜೋಡಿಸಿದಾಗ, ಜೀವಶಾಸ್ತ್ರಜ್ಞನು ಎಲೆಗಳನ್ನು ವಿಂಗಡಿಸುವಂತೆ, ಒಂದೇ ಕುಲದ ಕಟ್ಟಡಗಳ ಹೋಲಿಕೆಯೂ ಭೇದವೂ ಕಣ್ಣಿಗೆ ಬಿದ್ದವು. ಫ್ರಾನ್ಸಿನ ಪೋಲ್ ವಿರಿಲಿಯೋ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರು ಅಟ್ಲಾಂಟಿಕ್ ತೀರದಲ್ಲಿ ಕಟ್ಟಿದ ಕಾಂಕ್ರೀಟು ಬಂಕರುಗಳನ್ನು ಇದೇ ಬಗೆಯ ಶ್ರದ್ಧೆಯಿಂದ ಚಿತ್ರಿಸಿ, 1975ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ನಮ್ಮ ಊರುಗಳ ನೀರಿನ ಟ್ಯಾಂಕು, ಸೇತುವೆಯ ಕಂಬ, ಮನೆಯ ಸಜ್ಜ ಇವೂ ಅಭ್ಯಾಸಕ್ಕೆ ಯೋಗ್ಯವೇ. ಇವುಗಳ ಒಳಗೆ ಉಕ್ಕಿನ ಸರಳುಗಳಿರುತ್ತವೆ. ಉಪ್ಪುಗಾಳಿಯ ಕ್ಲೋರೈಡು ಸರಳನ್ನು ಮುಟ್ಟಿದರೆ ತುಕ್ಕು ಹತ್ತುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಸೀಳಿ ಚಕ್ಕೆಯೇಳುತ್ತದೆ. ಕಂದು ಕಲೆ ಮೊದಲು, ಸರಳಿನ ಉದ್ದಕ್ಕೂ ಬಿರುಕು ಬಳಿಕ, ಚಕ್ಕೆ ಕೊನೆಗೆ, ಇದು ಸಾಮಾನ್ಯ ಕ್ರಮ. ಬಿಳಿಯ ಕಲೆಯ ಅರ್ಥ ಬೇರೆ: ಸೋರುವ ನೀರು ಸಿಮೆಂಟಿನ ಸುಣ್ಣವನ್ನು ಹೊರತಂದು, ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ ನಿಂತಿದೆ. ಈ ಕಲೆಗಳನ್ನು ಬಣ್ಣದಲ್ಲಿಯೇ ತೆಗೆಯಬೇಕು; ಕಪ್ಪು ಬಿಳುಪಿನಲ್ಲಿ ತುಕ್ಕಿಗೂ ತೇವಕ್ಕೂ ಭೇದ ತಿಳಿಯದು.

ಕೆಲವು ಎಚ್ಚರಿಕೆಗಳು

ಟೆಟ್ರಾಪಾಡುಗಳ ಮೇಲೆ ಎಂದಿಗೂ ಹತ್ತಕೂಡದು. ಪಾಚಿಯಿಂದ ಅವು ಜಾರುತ್ತವೆ. ಸಂದಿನಲ್ಲಿ ಬಿದ್ದವರ ಕೂಗು ಅಲೆಯ ಮೊರೆತದಲ್ಲಿ ಕೇಳಿಸದು. ಅಳತೆಕೋಲನ್ನು ದಡದ ಅಂಚಿನ, ನಡೆದು ತಲುಪಬಹುದಾದ ಬ್ಲಾಕಿನ ಪಕ್ಕದಲ್ಲಿ ಮಾತ್ರ ನಿಲ್ಲಿಸಿರಿ. ಮಳೆಗಾಲದ ದೊಡ್ಡ ಉಬ್ಬರದ ದಿನ ಗೋಡೆಯಿಂದ ದೂರವಿರಬೇಕು. ಬಂದರು ಮತ್ತು ನೌಕಾಪಡೆಯ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯಬಾರದು. ಮಸೂರದ ಮೇಲೆ ಕುಳಿತ ಉಪ್ಪಿನ ಹರಳನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಅನಂತರ ಸಿಹಿನೀರಿನಲ್ಲಿ ತೇವ ಮಾಡಿದ ಮೆದುಬಟ್ಟೆಯಿಂದ ಒರೆಸಬೇಕು.

ಅಭ್ಯಾಸ

1. ನಿಮ್ಮ ಶಾಲೆಯ ಅಥವಾ ಕಾಲೇಜಿನ ಒಂದು ಕಾಂಕ್ರೀಟು ಗೋಡೆಯನ್ನು ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಂದರಂತೆ ಚಿತ್ರಿಸಿ, ಬಿರುಕುಗಳು ಯಾವ ಗಂಟೆಯಲ್ಲಿ ಸ್ಫುಟವಾಗಿವೆ ಎಂಬುದನ್ನು ಗುರುತಿಸಿರಿ. ಗೋಡೆಯ ದಿಕ್ಕಿನಿಂದ ಕಾರಣವನ್ನು ಊಹಿಸಿರಿ.

2. ಪಟ್ಟೆಕೋಲನ್ನು ಬಳಸಿ ಒಂದು ಬ್ಲಾಕಿನ ಉದ್ದಗಲಗಳನ್ನು ಚಿತ್ರದಿಂದ ಕಂಡುಹಿಡಿದು, ಬಳಿಕ ಟೇಪಿನಿಂದ ಅಳೆದು ಎರಡನ್ನೂ ಹೋಲಿಸಿರಿ.

3. ಮಳೆಗಾಲದ ಮುನ್ನ ಮತ್ತು ಅನಂತರ ಒಂದೇ ನೆಲೆಯಿಂದ ಒಂದೇ ಗೋಡೆಯ ಚಿತ್ರವನ್ನು ತೆಗೆದಿಡಿರಿ. ಬಿರುಕು ಬೆಳೆದಿದ್ದರೆ ಆ ಎರಡು ಚಿತ್ರಗಳನ್ನೂ ಕಟ್ಟಡದ ಮೇಲ್ವಿಚಾರಕರಿಗೆ ತೋರಿಸಿರಿ.