ಮಾರ್ಗವೂ ಜಾಡೂ

ದೂರದ ಊರಿಗೆ ಹೊರಡುವವನು ದಾರಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಹೊಸ ಪದ್ಧತಿಯೇನಲ್ಲ. ಎಲ್ಲಿ ಹೊಳೆ ದಾಟಬೇಕು, ಯಾವ ಛತ್ರದಲ್ಲಿ ತಂಗಬೇಕು, ಕವಲುದಾರಿಯಲ್ಲಿ ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂಬ ಸಂಗತಿಗಳನ್ನು ಹಿಂದಿನವರು ಹೋಗಿಬಂದವರ ಬಾಯಿಂದ ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅನಂತರ ಮೈಲಿಗಲ್ಲುಗಳು ಬಂದುವು. ಅಚ್ಚಾದ ಭೂಪಟಗಳು ಬಂದುವು. ಇಂದು ಅದೇ ಕೆಲಸವನ್ನು ಅಂಗೈಯಗಲದ ಯಂತ್ರವೊಂದು ಮಾಡುತ್ತದೆ. ಆದರೆ ಈ ಯಂತ್ರವು ದಾರಿಯನ್ನು ತೋರಿಸಬಲ್ಲುದೇ ಹೊರತು, ಪ್ರಯಾಣಿಕನ ಮನಸ್ಸಿನಲ್ಲಿರುವ ದಾರಿ ಯಾವುದೆಂಬುದನ್ನು ತಾನಾಗಿ ಅರಿಯದು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವುದೂ, ಬರೆದುದು ಬೇಕಾದಾಗ ಕೈಗೆ ಸಿಗುವಂತೆ ಜೋಡಿಸಿಡುವುದೂ ಕಲಿಯಬೇಕಾದ ಕೆಲಸವೇ ಆಗಿದೆ.

ಈ ಯಂತ್ರಕ್ಕೆ ಆಧಾರವಾದುದು ಆಕಾಶದಲ್ಲಿದೆ. ಅಮೆರಿಕದ ರಕ್ಷಣಾ ಇಲಾಖೆಯು 1973ರಲ್ಲಿ ಕೈಗೆತ್ತಿಕೊಂಡ ಜಿ.ಪಿ.ಎಸ್. ಎಂಬ ಸ್ಥಾನನಿರ್ಣಯ ವ್ಯವಸ್ಥೆಯ ಮೊದಲ ಉಪಗ್ರಹವು 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಈ ಉಪಗ್ರಹಗಳು ಬಿಡುವ ಸಂಕೇತವು ತನ್ನನ್ನು ತಲುಪಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಯಂತ್ರವು ಅಳೆಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಅದಕ್ಕೆ ತಾನಿರುವ ಸ್ಥಳವೂ ಎತ್ತರವೂ ನಿಖರವಾದ ವೇಳೆಯೂ ತಿಳಿಯುತ್ತವೆ. ನಾಗರಿಕರ ಉಪಯೋಗಕ್ಕೆ ಬಿಟ್ಟಿದ್ದ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯೊಂದಿದ್ದಿತು. 2000ದ ಮೇ ತಿಂಗಳಲ್ಲಿ ಅದು ನಿಂತ ಮೇಲೆ ಸಾಮಾನ್ಯ ಪ್ರಯಾಣಿಕನಿಗೂ ಈ ಸಾಧನ ನೆಚ್ಚತಕ್ಕದ್ದಾಯಿತು. ಭಾರತವೂ ನಾವಿಕ್ ಎಂಬ ತನ್ನದೇ ವ್ಯವಸ್ಥೆಗಾಗಿ 2013ರಲ್ಲಿ ಮೊದಲ ಉಪಗ್ರಹವನ್ನು ಹಾರಿಸಿತು. ಅದರ ಒಂದು ಕೇಂದ್ರವು ಬೆಂಗಳೂರಿಗೆ ಸಮೀಪದ ಬ್ಯಾಲಾಳು ಎಂಬಲ್ಲಿದೆ.

ಉಪಗ್ರಹಗಳು ತಿಳಿಸುವುದು ‘ನೀನು ಇಲ್ಲಿದ್ದೀಯೆ’ ಎಂಬಿಷ್ಟನ್ನೇ. ‘ಇತ್ತ ಹೋಗು’ ಎಂದು ಅವು ಹೇಳವು. ಹೋಗಬೇಕಾದ ದಾರಿಯನ್ನು ಪ್ರಯಾಣಿಕನು ಮನೆಯಲ್ಲಿಯೇ ಕುಳಿತು, ಕಂಪ್ಯೂಟರಿನ ತೆರೆಯ ಮೇಲೆ ಭೂಪಟವನ್ನು ಹರಡಿಕೊಂಡು ಸಿದ್ಧಪಡಿಸುತ್ತಾನೆ. ಇದಕ್ಕೆಂದೇ ರಚಿತವಾದ ತಂತ್ರಾಂಶಗಳಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ. ಒಂದು, ವೇಪಾಯಿಂಟ್ ಅಥವಾ ಗುರುತು. ಪೆಟ್ರೋಲ್ ಬಂಕು, ದೇವಾಲಯ, ತಂಗುವ ಮನೆ ಮುಂತಾದ ಒಂದೊಂದು ಸ್ಥಳಕ್ಕೆ ಇಟ್ಟ ಹೆಸರುಳ್ಳ ಚುಕ್ಕಿ. ಇನ್ನೊಂದು, ರೂಟ್ ಅಥವಾ ಮಾರ್ಗ. ಮುಂದೆ ಹೋಗಬೇಕೆಂದಿರುವ ದಾರಿ. ಮತ್ತೊಂದು, ಟ್ರ್ಯಾಕ್ ಅಥವಾ ಜಾಡು. ಒಮ್ಮೆ ಹೋದ ದಾರಿಯು ಹೆಜ್ಜೆಹೆಜ್ಜೆಗೂ ದಾಖಲಾಗಿ ಉಳಿದ ಗೆರೆ. ಭೂಪಟದ ಮೇಲೆ ಮಾರ್ಗವೂ ಜಾಡೂ ಒಂದೇ ಬಗೆಯ ಬಣ್ಣದ ಗೆರೆಗಳಾಗಿ ಕಾಣಿಸುವುದರಿಂದ ಹೊಸಬರು ಅವೆರಡನ್ನೂ ಒಂದೇ ಎಂದು ಬಗೆಯುವುದುಂಟು. ಪ್ರಯಾಣದಲ್ಲಿ ಒದಗುವ ಅನೇಕ ತೊಂದರೆಗಳಿಗೆ ಈ ಭ್ರಮೆಯೇ ಮೂಲ.

ಜಾಡಿನಲ್ಲಿ ಸಾವಿರಾರು ಬಿಂದುಗಳಿರುತ್ತವೆ. ರಸ್ತೆಯ ಪ್ರತಿಯೊಂದು ತಿರುವೂ ಅಲ್ಲಿ ಬರೆದಿಟ್ಟಂತೆಯೇ ಇರುತ್ತದೆ. ಮಾರ್ಗದಲ್ಲಿಯಾದರೋ ಪ್ರಯಾಣಿಕನು ಗೊತ್ತುಮಾಡಿದ ಬಿಂದುಗಳು ನಾಲ್ಕೋ ಐದೋ ಮಾತ್ರ. ನಡುವಿನದನ್ನೆಲ್ಲ ತುಂಬುವುದು ಯಂತ್ರ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ಅತಿ ಸಮೀಪದ ದಾರಿಯನ್ನು ಗಣಿತದಿಂದ ಕಂಡುಹಿಡಿಯುವ ವಿಧಾನವನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1956ರಲ್ಲಿ ಯೋಚಿಸಿದನು. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಭಾವಿ ಪತ್ನಿಯೊಡನೆ ಅಂಗಡಿಗಳನ್ನು ಸುತ್ತಿ ದಣಿದು, ಕಾಫಿ ಕುಡಿಯಲು ಕುಳಿತ ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಕಾಗದ ಪೆನ್ಸಿಲುಗಳಿಲ್ಲದೆ ಅದು ಹೊಳೆಯಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. 1959ರಲ್ಲಿ ಪ್ರಕಟವಾದ ಆ ವಿಧಾನವೂ ಅದರಿಂದ ಬೆಳೆದುಬಂದ ವಿಧಾನಗಳೂ ಇಂದಿನ ದಾರಿಲೆಕ್ಕಕ್ಕೆ ತಳಹದಿಯಾಗಿವೆ. ಆದರೆ ಲೆಕ್ಕದ ಉತ್ತರವು ಕೊಟ್ಟ ಅಂಕಿಗಳನ್ನು ಅವಲಂಬಿಸಿದೆ. ಕಂಪ್ಯೂಟರಿನಲ್ಲಿ ಒಂದು ಭೂಪಟವಿದ್ದು ಕೈಯಲ್ಲಿರುವ ಸಾಧನದಲ್ಲಿ ಇನ್ನೊಂದು ವರ್ಷದ ಭೂಪಟವಿದ್ದರೆ, ಅಥವಾ ಒಂದು ಕಡಮೆ ದೂರವನ್ನೂ ಇನ್ನೊಂದು ಕಡಮೆ ಕಾಲವನ್ನೂ ಅರಸುತ್ತಿದ್ದರೆ, ಅವೇ ಐದು ಬಿಂದುಗಳ ನಡುವೆ ಎರಡೂ ಬೇರೆ ಬೇರೆ ದಾರಿಗಳನ್ನು ಎಳೆಯುತ್ತವೆ. ರಾತ್ರಿ ಮನೆಯಲ್ಲಿ ಕಂಡ ಗೆರೆಯೇ ಬೆಳಗ್ಗೆ ರಸ್ತೆಯಲ್ಲಿಯೂ ಇರುವುದೆಂದು ನಂಬುವಂತಿಲ್ಲ.

ಉದಾಹರಣೆಗೆ, ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಕುಟುಂಬವೊಂದು ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿಕೊಂಡು, ಚಾರ್ಮಾಡಿ ಘಾಟಿಯ ಮೂಲಕ ಇಳಿಯಬೇಕೆಂದು ಬಯಸಿದೆಯೆಂದು ಭಾವಿಸಬಹುದು. ಮೊದಲ ಮತ್ತು ಕೊನೆಯ ಊರುಗಳನ್ನು ಮಾತ್ರ ಕೊಟ್ಟರೆ ಯಂತ್ರವು ಸಹಜವಾಗಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿಗಳ ಹೆದ್ದಾರಿಯನ್ನು ಹಿಡಿಯುತ್ತದೆ. ಬೇಲೂರನ್ನು ನಡುವೆ ಸೇರಿಸಿದರೂ ಸಾಲದು. ಬೇಲೂರಿನಿಂದ ಸಕಲೇಶಪುರಕ್ಕೆ ರಸ್ತೆಯಿರುವುದರಿಂದ, ದೇವಾಲಯವನ್ನು ಕಂಡಾದ ಮೇಲೆ ಯಂತ್ರವು ಮತ್ತೆ ಶಿರಾಡಿಯ ಕಡೆಗೇ ತಿರುಗಿಸಿದರೆ ಆಶ್ಚರ್ಯವಿಲ್ಲ. ಆದುದರಿಂದ ಮೂಡಿಗೆರೆಯ ಆಚೆ ಇನ್ನೊಂದು ಬಿಂದು ಬೇಕು. ಅದನ್ನು ಕೊಟ್ಟಿಗೆಹಾರದ ಕೂಡುರಸ್ತೆಯಲ್ಲಿಯೇ ಇಡುವುದಕ್ಕಿಂತ, ಅಲ್ಲಿಂದ ಸ್ವಲ್ಪ ಮುಂದೆ, ಘಾಟಿಯ ರಸ್ತೆಯ ಮೇಲೆಯೇ ಇಡುವುದು ಮೇಲು. ಕೂಡುರಸ್ತೆಯಲ್ಲಿ ಇಟ್ಟ ಬಿಂದುವು ಯಾವ ಕವಲಿಗೆ ಸೇರಿದ್ದೆಂಬ ಸಂದೇಹಕ್ಕೆ ಎಡೆಗೊಡುತ್ತದೆ. ಎರಡು ಕೂಡುರಸ್ತೆಗಳ ನಡುವಿನ ಬಿಂದುವಿಗೆ ಅಂತಹ ಸಂದೇಹವಿಲ್ಲ. ಆ ರಸ್ತೆಯಲ್ಲಿ ಹೋಗದೆ ಅದನ್ನು ಮುಟ್ಟಲಾಗದು. ನಡುವೆ ಗೋಡೆಯಿರುವ ಜೋಡಿರಸ್ತೆಯಲ್ಲಿ ಇನ್ನೂ ಎಚ್ಚರ ಬೇಕು. ಬಿಂದುವು ಹತ್ತು ಮೀಟರ್ ಆಚೆಗೆ, ಎದುರು ದಿಕ್ಕಿನ ಹಾದಿಯ ಮೇಲೆ ಬಿದ್ದಿತೆಂದರೆ, ಯಂತ್ರವು ಪ್ರಯಾಣಿಕನನ್ನು ಮುಂದಿನ ತಿರುವಿನವರೆಗೆ ಕರೆದೊಯ್ದು, ಹಿಂದಕ್ಕೆ ತಂದು, ಮತ್ತೆ ತಿರುಗಿಸಿ, ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ನೆರವೇರಿಸುತ್ತದೆ!

ಇಂತಹ ಬಿಂದುಗಳಲ್ಲಿಯೂ ಎರಡು ಜಾತಿಗಳಿವೆ. ನಿಲ್ಲಲೇಬೇಕಾದ ಸ್ಥಳ ಒಂದು ಬಗೆಯದು. ಅಲ್ಲಿಗೆ ಬಂದಾಗ ಯಂತ್ರವು ಬಂದಿತೆಂದು ಸಾರುತ್ತದೆ. ದಾರಿಯನ್ನು ಬಾಗಿಸಲು ಮಾತ್ರ ಇಟ್ಟ ಬಿಂದು ಇನ್ನೊಂದು ಬಗೆಯದು. ಅದನ್ನು ಯಂತ್ರವು ಸದ್ದಿಲ್ಲದೆ ದಾಟಿ ಹೋಗುತ್ತದೆ. ಎಲ್ಲವನ್ನೂ ಮೊದಲ ಬಗೆಯದಾಗಿ ಇಟ್ಟರೆ, ಮರ ಬಿದ್ದು ರಸ್ತೆ ಕಟ್ಟಿ ಬಳಸಿಕೊಂಡು ಹೋದವನನ್ನೂ ಯಂತ್ರವು ಬಿಟ್ಟುಹೋದ ಬಿಂದುವಿಗೆ ಹಿಂದಿರುಗುವಂತೆ ಮತ್ತೆಮತ್ತೆ ಒತ್ತಾಯಿಸುತ್ತದೆ. ಅನುಭವಿಗಳಾದವರು ಮಾರ್ಗವನ್ನು ಗೊತ್ತುಮಾಡಿದೊಡನೆ ಅದರದೇ ಪ್ರತಿಯೊಂದನ್ನು ಜಾಡಾಗಿ ಪರಿವರ್ತಿಸಿ ಜೊತೆಯಲ್ಲಿ ಒಯ್ಯುತ್ತಾರೆ. ಯಂತ್ರವು ಮಾರ್ಗವನ್ನು ಹೊಸದಾಗಿ ಲೆಕ್ಕಹಾಕಿ ಬದಲಾಯಿಸಿದರೂ ಜಾಡು ಬದಲಾಗುವುದಿಲ್ಲ. ಎರಡು ಗೆರೆಗಳು ಎಲ್ಲಿ ಅಗಲುತ್ತವೆಯೋ ಅಲ್ಲಿ ಒಮ್ಮೆ ನಿಂತು ಯೋಚಿಸಬೇಕೆಂಬ ಸೂಚನೆ ದೊರೆಯುತ್ತದೆ. ಜಾಡಿನ ಬಿಂದುಗಳು ಮಿತಿಮೀರಿದಾಗ, ನೇರವಾದ ಭಾಗಗಳ ಬಿಂದುಗಳನ್ನು ತೆಗೆದು ತಿರುವುಗಳನ್ನು ಮಾತ್ರ ಉಳಿಸುವ ವಿಧಾನವೂ ಇದೆ. ಡಗ್ಲಸ್ ಮತ್ತು ಪ್ಯೂಕರ್ ಎಂಬವರು 1973ರಲ್ಲಿ ಪ್ರಕಟಿಸಿದ ಆ ವಿಧಾನವು ಈಗಲೂ ಬಳಕೆಯಲ್ಲಿದೆ.

ಒಂದು ಪ್ರಯಾಣಕ್ಕೆ ಇಷ್ಟಾದರೆ, ಹತ್ತು ವರ್ಷ ತಿರುಗಾಡಿದವನ ಸಂಗ್ರಹ ಎಷ್ಟಿರಬಹುದು! ಅದನ್ನು ಒಪ್ಪವಾಗಿ ಇಡದಿದ್ದರೆ ಬೇಕಾದುದು ಸಿಗದು. ಸಿಕ್ಕಿದುದು ಬೇಕಾದುದೇ ಎಂಬ ಭರವಸೆಯಿರದು. ಗಾರ್ಮಿನ್ ಸಂಸ್ಥೆಯ ಬೇಸ್‌ಕ್ಯಾಂಪ್ ಎಂಬ ತಂತ್ರಾಂಶದ ಏರ್ಪಾಡು ಈ ವಿಷಯದಲ್ಲಿ ಗಮನಾರ್ಹವಾದುದು. ಅದರಲ್ಲಿ ಎಲ್ಲ ಗುರುತು, ಮಾರ್ಗ, ಜಾಡುಗಳೂ ಒಂದೇ ಸಂಗ್ರಹದಲ್ಲಿರುತ್ತವೆ. ಪ್ರಯಾಣಿಕನು ಮಾಡಿಕೊಳ್ಳುವ ಪಟ್ಟಿಗಳು ಆ ಸಂಗ್ರಹದ ಕಡೆಗೆ ಬೆರಳು ತೋರಿಸುತ್ತವೆ, ಅಷ್ಟೆ. ಗ್ರಂಥಾಲಯದಲ್ಲಿ ಒಂದೇ ಪುಸ್ತಕಕ್ಕೆ ಲೇಖಕನ ಹೆಸರಿನಲ್ಲಿ ಒಂದು ಚೀಟಿ, ವಿಷಯದ ಹೆಸರಿನಲ್ಲಿ ಇನ್ನೊಂದು ಚೀಟಿ ಇರುವಂತೆ, ಬೇಲೂರಿನ ಒಂದೇ ಗುರುತು ‘ದೇವಾಲಯಗಳು’ ಎಂಬ ಪಟ್ಟಿಯಲ್ಲಿಯೂ ‘ಮಂಗಳೂರು ಪ್ರಯಾಣ’ ಎಂಬ ಪಟ್ಟಿಯಲ್ಲಿಯೂ ಇರಬಲ್ಲುದು. ಚೀಟಿಯನ್ನು ಹರಿದರೆ ಪುಸ್ತಕ ಹೋಗುವುದಿಲ್ಲ. ಆದರೆ ಪುಸ್ತಕವನ್ನೇ ತೆಗೆದುಹಾಕಿದರೆ ಎಲ್ಲ ಚೀಟಿಗಳೂ ವ್ಯರ್ಥ. ಪಟ್ಟಿಯಿಂದ ತೆಗೆಯುವುದು, ಸಂಗ್ರಹದಿಂದಲೇ ಅಳಿಸುವುದು ಇವೆರಡರ ಭೇದವನ್ನು ತಿಳಿಯದೆ ಗುಂಡಿಯೊತ್ತಿದವರು ವರ್ಷಗಳ ಶ್ರಮವನ್ನು ಕ್ಷಣದಲ್ಲಿ ಕಳೆದುಕೊಳ್ಳುತ್ತಾರೆ. ಸಂಗ್ರಹದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟಿರುವುದು ಇದಕ್ಕೆ ಸರಿಯಾದ ಉಪಾಯ.

ಹೆಸರಿಡುವುದರಲ್ಲಿಯೂ ಜಾಣತನ ಬೇಕು. ‘ಮಾರ್ಗ 1’, ‘ಹೊಸ ಮಾರ್ಗ’, ‘ಹೊಸ ಮಾರ್ಗ ಕೊನೆಯದು’ ಎಂಬ ಹೆಸರುಗಳು ಆರು ತಿಂಗಳಾದ ಮೇಲೆ ಇಟ್ಟವನಿಗೇ ಅರ್ಥವಾಗುವುದಿಲ್ಲ. ವರ್ಷ, ತಿಂಗಳು, ದಿನ, ಅನಂತರ ಊರುಗಳು ಎಂಬ ಕ್ರಮದಲ್ಲಿ ಹೆಸರಿಟ್ಟರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಊರುಗಳ ಹೆಸರುಗಳೂ ಸ್ಥಿರವಲ್ಲ. ಕರ್ನಾಟಕದ 12 ನಗರಗಳ ಹೆಸರುಗಳು 2014ರ ನವೆಂಬರ್ 1ರಿಂದ ಬದಲಾದುವು. ಇಂಗ್ಲಿಷ್ ಅಕ್ಷರಗಳಲ್ಲಿ ಮ್ಯಾಂಗಲೋರ್ ಎಂದು ಬರೆದಿಟ್ಟ ಹಳೆಯ ಗುರುತು ಮಂಗಳೂರು ಎಂದು ಹುಡುಕುವವನಿಗೆ ಸಿಗದು. ಇನ್ನೊಂದು ಸೂಕ್ಷ್ಮವಿದೆ. ಜಾಡಿನಲ್ಲಿ ದಾಖಲಾಗುವ ವೇಳೆ ಭಾರತದ ವೇಳೆಯಲ್ಲ, ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ವೇಳೆ. ಭಾನುವಾರ ಬೆಳಗಿನ 5 ಗಂಟೆಗೆ ಹೊರಟವನ ಜಾಡು ಶನಿವಾರ ರಾತ್ರಿ 11-30ಕ್ಕೆ ಪ್ರಾರಂಭವಾದಂತೆ ಬರೆಯಲ್ಪಡುತ್ತದೆ. ತಾರೀಖನ್ನು ನೋಡಿ ವಿಂಗಡಿಸುವವನು ಇದನ್ನು ಮರೆತರೆ ಒಂದೇ ದಿನದ ಮಾರ್ಗವೂ ಜಾಡೂ ಎರಡು ದಿನಗಳ ಕೆಳಗೆ ಹಂಚಿಹೋಗುತ್ತವೆ.

ಒಂದು ಯಂತ್ರದಿಂದ ಇನ್ನೊಂದಕ್ಕೆ ಈ ಮಾಹಿತಿಯನ್ನು ಸಾಗಿಸಲು ಜಿ.ಪಿ.ಎಕ್ಸ್. ಎಂಬ ಕಡತರೂಪವು 2002ರಲ್ಲಿ ಹೊರಬಂದಿತು, 2004ರಲ್ಲಿ ಪರಿಷ್ಕೃತವಾಯಿತು. ಗುರುತು, ಮಾರ್ಗ, ಜಾಡು ಮೂರಕ್ಕೂ ಅದರಲ್ಲಿ ಬೇರೆಬೇರೆ ಸ್ಥಾನಗಳುಂಟು. ಆದರೆ ಕೆಲವು ಸಂಸ್ಥೆಗಳು ತಮಗೆ ಬೇಕಾದ ಹೆಚ್ಚಿನ ಸಾಲುಗಳನ್ನು ಅದರೊಳಗೆ ಸೇರಿಸುತ್ತವೆ; ಇತರ ಯಂತ್ರಗಳು ಅವನ್ನು ಓದದೆ ಬಿಡುತ್ತವೆ. ಬಿಂದು ನಿಲ್ಲುವುದಕ್ಕೋ ಬಾಗಿಸುವುದಕ್ಕೋ ಎಂಬ ವಿವರವು ಹೀಗೆ ದಾರಿಯಲ್ಲಿಯೇ ಉದುರಿಹೋಗುವುದುಂಟು. ಅಂಕಿಗಳ ಕ್ರಮವೂ ಎಲ್ಲೆಡೆ ಒಂದೇ ಅಲ್ಲ. ಸಾಮಾನ್ಯವಾಗಿ ಅಕ್ಷಾಂಶವನ್ನು ಮೊದಲು ಬರೆಯುತ್ತಾರೆ, ಕೆ.ಎಂ.ಎಲ್. ಎಂಬ ಇನ್ನೊಂದು ಕಡತರೂಪದಲ್ಲಿ ರೇಖಾಂಶ ಮೊದಲು. ಬೆಂಗಳೂರು 12.97 ಉತ್ತರ ಅಕ್ಷಾಂಶ, 77.59 ಪೂರ್ವ ರೇಖಾಂಶಗಳಲ್ಲಿದೆ. ಇವೆರಡು ಅದಲುಬದಲಾದರೆ ಬೆಂಗಳೂರು ಉತ್ತರಧ್ರುವದ ಕಡೆಗೆ ಸರಿದು, ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮಕ್ಕೆ ಹಿಮಗಡಲಿನ ನೀರಿನಲ್ಲಿ ಬೀಳುತ್ತದೆ! ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುವುದರಿಂದ ಅಪಾಯವಿಲ್ಲ. ಸಣ್ಣ ತಪ್ಪೇ ಅಪಾಯಕರ. ಎವರೆಸ್ಟ್ ಗೋಲಮಾನವನ್ನು ಆಧರಿಸಿದ ಭಾರತದ ಹಳೆಯ ಭೂಪಟಗಳಿಂದ ಅಂಕಿಗಳನ್ನೆತ್ತಿ ಇಂದಿನ ಯಂತ್ರಕ್ಕೆ ಹಾಗೆಯೇ ಕೊಟ್ಟರೆ, ದಕ್ಷಿಣ ಭಾರತದಲ್ಲಿ ಸ್ಥಾನವು ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ. ಬಯಲಿನಲ್ಲಿ ಅದರಿಂದ ಹಾನಿಯಾಗದಿರಬಹುದು. ಕಣಿವೆಯ ಅಂಚಿನಲ್ಲಿ ಮಂಜು ಕವಿದಾಗ ನೂರು ಮೀಟರ್ ಸಣ್ಣ ಮಾತಲ್ಲ.

ಸಂಗ್ರಹದಲ್ಲಿ ತಾರೀಖಿಗೆ ಇಷ್ಟು ಮಹತ್ವವೇಕೆಂಬುದನ್ನು ಪಶ್ಚಿಮಘಟ್ಟಗಳೇ ತೋರಿಸಿವೆ. 2018ರ ಮೊದಲ ಭಾಗದಲ್ಲಿ ಶಿರಾಡಿ ಘಾಟಿಯ ರಸ್ತೆಯನ್ನು ಕಾಂಕ್ರೀಟು ಹಾಸುವುದಕ್ಕಾಗಿ ಮುಚ್ಚಿದ್ದರು. ಆ ವರ್ಷದ ಆಗಸ್ಟಿನ ಮಹಾಮಳೆಯಲ್ಲಿ ಗುಡ್ಡಗಳು ಕುಸಿದು, ಶಿರಾಡಿಯೂ ಮಡಿಕೇರಿ–ಸಂಪಾಜೆ ರಸ್ತೆಯೂ ಕಟ್ಟಿದುವು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ ಬಂದಿತು. 2017ರಲ್ಲಿ ಸಿದ್ಧಪಡಿಸಿದ ಮಾರ್ಗಕ್ಕೆ ಇದೊಂದೂ ಗೊತ್ತಿಲ್ಲ. ಅದು ಕುಸಿದ ರಸ್ತೆಯ ಮೇಲೆಯೂ ಅದೇ ಅಚ್ಚುಕಟ್ಟಾದ ಗೆರೆಯನ್ನು ಎಳೆದು ತೋರಿಸುತ್ತದೆ. ಆದುದರಿಂದ ವಿವೇಕಿಯಾದವನು ಶಿರಾಡಿ, ಚಾರ್ಮಾಡಿ, ಸಂಪಾಜೆ ಮೂರು ಮಾರ್ಗಗಳನ್ನೂ ಒಂದೇ ಪಟ್ಟಿಯಲ್ಲಿ ಸಿದ್ಧವಾಗಿಟ್ಟುಕೊಂಡು, ಪ್ರತಿಯೊಂದರ ಟಿಪ್ಪಣಿಯಲ್ಲಿ ಕೊನೆಯ ಬಾರಿ ವಿಚಾರಿಸಿದ ದಿನವನ್ನು ಬರೆದಿಡುತ್ತಾನೆ. ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ಇನ್ನೊಮ್ಮೆ ಕೇಳಿ ತಿಳಿಯುತ್ತಾನೆ. ಅಮೆರಿಕದ ಡೆತ್ ವ್ಯಾಲಿ ಎಂಬ ಉರಿಬಿಸಿಲಿನ ಮರುಭೂಮಿಯಲ್ಲಿ, 2009ರ ಆಗಸ್ಟಿನಲ್ಲಿ, ತಾಯಿ ಮತ್ತು ಎಳೆಯ ಮಗನಿದ್ದ ವಾಹನವೊಂದು ನಿರ್ಜನವಾದ ಹಾದಿಯಲ್ಲಿ ಹೂತುಹೋಯಿತು. ಹಲವು ದಿನಗಳ ಮೇಲೆ ನೆರವು ಬಂದಾಗ ತಾಯಿ ಮಾತ್ರ ಉಳಿದಿದ್ದಳು. ಸಾಧನಗಳ ಭೂಪಟದಲ್ಲಿ ಎಂದೋ ಪಾಳುಬಿದ್ದ ದಾರಿಗಳೂ ರಸ್ತೆಗಳೆಂದೇ ಉಳಿದುಕೊಂಡಿದ್ದುವು. ಅಲ್ಲಿಯ ಉದ್ಯಾನದ ಅಧಿಕಾರಿಗಳು ಭೂಪಟ ಸಂಸ್ಥೆಗಳೊಡನೆ ಕೂಡಿ ಅವನ್ನು ಅಳಿಸುವ ಕೆಲಸಕ್ಕೆ ತೊಡಗಬೇಕಾಯಿತು.

ಪ್ರಯಾಣ ಮುಗಿದ ಮೇಲೆ ಜಾಡಿನ ಕೆಲಸ ಮುಗಿಯುವುದಿಲ್ಲ. ಹೋಗಬೇಕೆಂದಿದ್ದ ಮಾರ್ಗದ ಮೇಲೆ ಹೋದ ಜಾಡನ್ನು ಹಾಸಿ ನೋಡಿದರೆ, ಭೂಪಟದಲ್ಲಿ ಇಲ್ಲದ ಹೊಸ ಸೇತುವೆ, ಮುಚ್ಚಿದ ಓಣಿ, ಬೇರೆಡೆಗೆ ಸರಿಸಿದ ತಿರುವು ಎಲ್ಲವೂ ಕಾಣಿಸುತ್ತವೆ. ಇಂಗ್ಲೆಂಡಿನಲ್ಲಿ 2004ರಲ್ಲಿ ಪ್ರಾರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭೂಪಟವು ಮೊದಮೊದಲು ಬಹುಮಟ್ಟಿಗೆ ಇಂತಹ ಜಾಡುಗಳಿಂದಲೇ ಬೆಳೆಯಿತು. ಯಾರು ಬೇಕಾದರೂ ತಾವು ನಡೆದ, ಸೈಕಲ್ ತುಳಿದ ಜಾಡನ್ನು ಅದಕ್ಕೆ ಕೊಡಬಹುದು. ಆದರೆ ಕೊಡುವ ಮುನ್ನ ತಮ್ಮ ಮನೆಯ ಸುತ್ತಲಿನ ನೂರಿನ್ನೂರು ಮೀಟರಿನಷ್ಟು ಗೆರೆಯನ್ನು ಕತ್ತರಿಸಿ ತೆಗೆಯುವುದು ಬಲ್ಲವರ ರೂಢಿ. ಸ್ಟ್ರಾವಾ ಎಂಬ ಸಂಸ್ಥೆಯು ತನ್ನ ಸದಸ್ಯರ ಓಟದ ಜಾಡುಗಳನ್ನೆಲ್ಲ ಒಟ್ಟುಗೂಡಿಸಿ, ಯಾರ ಹೆಸರನ್ನೂ ಹೇಳದೆ, 2017ರಲ್ಲಿ ಲೋಕದ ಭೂಪಟವೊಂದನ್ನು ಪ್ರಕಟಿಸಿತು. ಕತ್ತಲೆಯಂತಿದ್ದ ಮರುಭೂಮಿಗಳ ನಡುವೆ ಅಲ್ಲಲ್ಲಿ ಚಿಕ್ಕ ಚೌಕಗಳು ಬೆಳಗುತ್ತಿದ್ದುವು. ಅವು ಸೈನಿಕರು ಬೆಳಗಿನ ಹೊತ್ತು ಓಡುತ್ತಿದ್ದ ಶಿಬಿರಗಳ ಅಂಚುಗಳೆಂಬುದನ್ನು 2018ರ ಜನವರಿಯಲ್ಲಿ ಕಂಡುಹಿಡಿಯಲು ಭೂಪಟ ನೋಡಬಲ್ಲ ಒಬ್ಬ ವಿದ್ಯಾರ್ಥಿಯೇ ಸಾಕಾದನು.